ಪ್ರೊಫೈಲ್ ಕಾಣೆಯಾಗಿದೆ, ನಿಮ್ಮ ಫೋನ್ ಒಮ್ಮೆ ಆಫ್ ಮಾಡಿ

ನಿನ್ನೆಯವರೆಗೂ ಇನ್‌ಸ್ಟಾಗ್ರಾಮ್‌ನಲ್ಲಿ ಒಬ್ಬ ಮನುಷ್ಯ ಇದ್ದ. ಮುಖ ಇತ್ತು, ಮೂರು ಸಾಲಿನ ಪರಿಚಯ ಇತ್ತು, ಯಾರೂ ಕೇಳದಿದ್ದರೂ ಕೊಟ್ಟ ಅಭಿಪ್ರಾಯಗಳು ಸಾಲುಸಾಲಾಗಿ ಇದ್ದವು. ಇವತ್ತು ಅದೇ ಹೆಸರನ್ನು ಒತ್ತಿದರೆ ಖಾಲಿ ಪರದೆ. ನಡುವೆ ಒಂದು ಮಾತು: 'ಕ್ಷಮಿಸಿ, ಈ ಪುಟ ಲಭ್ಯವಿಲ್ಲ. ಲಿಂಕ್ ಸರಿಯಿಲ್ಲದಿರಬಹುದು ಅಥವಾ ಪುಟವನ್ನು ತೆಗೆದುಹಾಕಿರಬಹುದು.'

ಅಡ್ಡಗೋಡೆಯ ಮೇಲೆ ದೀಪ ಇಡುವುದರಲ್ಲಿ ಇಷ್ಟು ಪಳಗಿದ ಕೈ ರಾಜಕಾರಣದಲ್ಲೂ ಸಿಗುವುದು ಕಷ್ಟ. ಆ ಮನುಷ್ಯ ಖಾತೆಯನ್ನು ಅಳಿಸಿಬಿಟ್ಟನಾ? ಸುಮ್ನೆ ಸ್ವಲ್ಪ ದಿನ ಮುಚ್ಚಿಟ್ಟಿದ್ದಾನಾ? ಹೆಸರು ಬದಲಿಸಿಕೊಂಡನಾ? ನಿಮ್ಮನ್ನು ಬ್ಲಾಕ್ ಮಾಡಿದನಾ? ಕಂಪನಿಯೇ ಅವನನ್ನು ಎತ್ತಿ ಹೊರಗೆ ಹಾಕಿತಾ? ಅಥವಾ ಎಲ್ಲೋ ಒಂದು ಸರ್ವರ್ ಮಗುಚಿಕೊಂಡಿದೆಯಾ? ಎಲ್ಲದಕ್ಕೂ ಉತ್ತರ ಒಂದೇ. ಪುಟ ಲಭ್ಯವಿಲ್ಲ.

ಆ್ಯಪ್‌ಗೆ ಇದರ ಕಾರಣ ಗೊತ್ತಿಲ್ಲ ಎಂದು ಮಾತ್ರ ತಿಳಿಯಬೇಡಿ. ರಾತ್ರಿ ಎರಡು ಗಂಟೆಗೆ ನೀವು ಯಾವ ಚಪ್ಪಲಿಯ ಜಾಹೀರಾತಿನ ಮೇಲೆ ಎಷ್ಟು ಹೊತ್ತು ಕಣ್ಣಿಟ್ಟಿರಿ ಎಂದು ಲೆಕ್ಕ ಇಡುವ ಯಂತ್ರ ಅದು. ನೀವು ಕೊಂಡುಕೊಳ್ಳುವ ಮೊದಲೇ ಅದಕ್ಕೆ ನಿಮ್ಮ ಆಸೆ ಗೊತ್ತು. ಅಂಥದ್ದಕ್ಕೆ ತನ್ನದೇ ಮನೆಯ ಒಂದು ಕೋಣೆ ಯಾಕೆ ಕಾಣುತ್ತಿಲ್ಲ ಎನ್ನುವುದು ಮಾತ್ರ ನಿಗೂಢ!

ಕಾರಣ ಕೇಳಿದರೆ ಸಿಗುವುದು ಸಹಾಯ ಕೇಂದ್ರ. ಅಲ್ಲಿ ನಿಮಗಾಗಿ ಒಂದು ವ್ರತ ಕಾದಿದೆ. ಮೊದಲು ಇಂಟರ್ನೆಟ್ ಇದೆಯೇ ನೋಡಿ. ಇಂಟರ್ನೆಟ್ ಇಲ್ಲದೆ ಸಹಾಯ ಕೇಂದ್ರ ಹೇಗೆ ತೆರೆಯಿತು ಎಂದು ಕೇಳಬಾರದು, ವ್ರತ ಕೆಡುತ್ತದೆ. ಆಮೇಲೆ ಏರೋಪ್ಲೇನ್ ಮೋಡ್ ಹಾಕಿ ತೆಗೆಯಿರಿ. ಲಾಗ್ ಔಟ್ ಆಗಿ, ಲಾಗಿನ್ ಆಗಿ. ಆ್ಯಪ್ ಅಪ್‌ಡೇಟ್ ಮಾಡಿ. ಕ್ಯಾಶ್ ಅಳಿಸಿ. ಆ್ಯಪನ್ನೇ ಕಿತ್ತುಹಾಕಿ ಮತ್ತೆ ಹಾಕಿಕೊಳ್ಳಿ. ಕೊನೆಗೆ ಫೋನನ್ನೇ ಆಫ್ ಮಾಡಿ ಆನ್ ಮಾಡಿ. ಕಾಣೆಯಾಗಿದ್ದು ಅವರ ಕಡೆಯ ಪ್ರೊಫೈಲ್, ಪ್ರಾಯಶ್ಚಿತ್ತ ನಿಮ್ಮ ಕಡೆಯ ಫೋನಿಗೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂದು ಹಿರಿಯರು ಹೇಳಿದ್ದರು. ಎಮ್ಮೆಯೇ ತನಗೆ ಬರೆ ಹಾಕಿಕೊಂಡು, ಕೊನೆಗೆ 'ಈ ಮಾಹಿತಿ ಉಪಯುಕ್ತವಾಯಿತೇ' ಎಂಬ ಪ್ರಶ್ನೆಗೂ ಉತ್ತರಿಸಬೇಕು ಎನ್ನುವುದು ಅವರಿಗೂ ಹೊಳೆದಿರಲಿಲ್ಲ.

ಈ ಕ್ಯಾಶ್ ಎನ್ನುವುದರ ಕಥೆ ಸ್ವಲ್ಪ ನೋಡಬೇಕು, ಯಾಕೆಂದರೆ ಎಲ್ಲ ಪಾಪವೂ ಅದರ ತಲೆಗೇ. ಒಮ್ಮೆ ತಂದ ಚಿತ್ರ, ಪುಟಗಳನ್ನು ಪ್ರತಿ ಸಲ ಹೊಸದಾಗಿ ತರುವುದು ಬೇಡವೆಂದು ಆ್ಯಪ್ ನಿಮ್ಮ ಫೋನಿನಲ್ಲೇ ಅವುಗಳ ಪ್ರತಿ ಇಟ್ಟುಕೊಳ್ಳುತ್ತದೆ. ಅದೇ ಕ್ಯಾಶ್. ಅದು ಹಳತಾದಾಗ ಸಾಮಾನ್ಯವಾಗಿ ಆಗುವ ತೊಂದರೆ ಉಲ್ಟಾ: ಹೋದವರು ಇನ್ನೂ ಇದ್ದಂತೆ ಕಾಣುತ್ತಾರೆ, ಬದಲಾದ ಫೋಟೊ ಹಳೆಯದೇ ತೋರುತ್ತದೆ. ಅಪರೂಪಕ್ಕೆ ಕ್ಯಾಶ್ ಕೆಟ್ಟು ಪುಟವೇ ತೆರೆಯದೆ ಹೋಗುವುದುಂಟು, ಸುಳ್ಳು ಹೇಳಬಾರದು. ಆದರೆ ಮಿಕ್ಕ ಎಲ್ಲರ ಪ್ರೊಫೈಲೂ ಚೆನ್ನಾಗಿ ತೆರೆದು, ಒಬ್ಬರದು ಮಾತ್ರ ಇಲ್ಲವೆಂದರೆ? ಕ್ಯಾಶ್‌ಗೆ ಆ ಒಬ್ಬರ ಮೇಲೆ ಯಾಕಪ್ಪಾ ದ್ವೇಷ?

ಆ್ಯಪ್ ಕಿತ್ತು ಮತ್ತೆ ಹಾಕಿಕೊಳ್ಳುವ ಸಲಹೆಗೆ ಇನ್ನೊಂದು ಸೊಗಸಿದೆ. ಹೊಸದಾಗಿ ಹಾಕಿದ ಆ್ಯಪ್ ಪಾಸ್‌ವರ್ಡ್ ಕೇಳುತ್ತದೆ. ಅದು ಯಾರಿಗೆ ನೆನಪಿದೆ? ಹೊಸದು ಬೇಕೆಂದರೆ ಎಂದೋ ಬಿಟ್ಟುಬಿಟ್ಟ ಮೊಬೈಲ್ ನಂಬರಿಗೆ ಕೋಡ್ ಹೋಗುತ್ತದೆ. ಅಲ್ಲಿಗೆ ಕಾಣೆಯಾದ ಪ್ರೊಫೈಲ್‌ಗಳು ಎರಡು: ಅವರದು ಮತ್ತು ನಿಮ್ಮದು.

ಅಂತರ್ಜಾಲ ಕಟ್ಟಿದವರು ಇಷ್ಟು ಮಾತಿಗೆ ಬಡವರಾಗಿರಲಿಲ್ಲ. ಪುಟ ಕೇಳಿದವರಿಗೆ ಸರ್ವರ್ 'ಇಲ್ಲ' ಎನ್ನುವುದಕ್ಕೇ ಅವರು ಬೇರೆ ಬೇರೆ ಸಂಖ್ಯೆ ಇಟ್ಟಿದ್ದಾರೆ. 404 ಅಂದರೆ ಸಿಗಲಿಲ್ಲ. 410 ಅಂದರೆ ಇತ್ತು, ಈಗ ಹೋಯಿತು, ಮತ್ತೆ ಬರುವಂತಿಲ್ಲ. 403 ಅಂದರೆ ನಿನಗೆ ಒಳಗೆ ಪ್ರವೇಶವಿಲ್ಲ. ಕಾನೂನಿನ ಕಾರಣಕ್ಕೆ ತೋರಿಸುವಂತಿಲ್ಲ ಎನ್ನುವುದಕ್ಕೂ 2016ರಲ್ಲಿ 451 ಎಂಬ ಸಂಖ್ಯೆ ಬಂತು. ಜೊತೆಗೆ ಒಂದು ವಿನಾಯಿತಿಯನ್ನೂ ಕೊಟ್ಟರು: ಒಳಗೆ ಬಿಡುವುದಿಲ್ಲ ಎಂದು ಹೇಳಿದರೆ ಒಳಗೆ ಏನೋ ಇದೆ ಎಂದು ಗೊತ್ತಾಗುತ್ತದೆ, ಅದನ್ನೂ ಮುಚ್ಚಿಡಬೇಕಾದರೆ 403ರ ಬದಲು 404 ಎನ್ನಬಹುದು.

ಇದು ಒಳ್ಳೆಯ ವಿನಾಯಿತಿಯೇ. ಕಾಟ ಕೊಡುವವನೊಬ್ಬನನ್ನು ಒಬ್ಬ ಹುಡುಗಿ ಬ್ಲಾಕ್ ಮಾಡಿದರೆ, 'ಅವಳು ನಿನ್ನನ್ನು ಬ್ಲಾಕ್ ಮಾಡಿದ್ದಾಳೆ' ಎಂದು ಅವನಿಗೆ ಡಂಗುರ ಸಾರುವ ಅಗತ್ಯವಿಲ್ಲ. ಅವನಿಗೆ ಗೊಂದಲವೇ ಇರಲಿ. ಯಾರಿಂದ ದೂರ ಇರಬೇಕು ಎನ್ನುವುದು ಅವಳ ಹಕ್ಕು, ಅವನಿಗೆ ಕಾರಣ ಕೊಡುವ ಹಂಗು ಅವಳಿಗಿಲ್ಲ. ಪರದೆ ಬೇಕಾಗಿದ್ದೇ ಇಂಥವರಿಗೆ. ಆದರೆ ಕಂಪನಿಗಳು ನಿಧಾನವಾಗಿ ತಾವೂ ಅದೇ ಪರದೆಯ ಹಿಂದೆ ಹೋಗಿ ನಿಂತುಕೊಂಡವು. ತಮ್ಮ ತಪ್ಪಿಗೂ ಅದೇ ಮಾತು, ತಮ್ಮ ದರ್ಬಾರಿಗೂ ಅದೇ ಮಾತು. ಹುಡುಗಿಯ ಗುಟ್ಟನ್ನು ಕಾಯುತ್ತೇವೆ ಎಂದು ಹೇಳಿ, ತಮ್ಮ ಗುಟ್ಟನ್ನು ಕಾದುಕೊಂಡವು.

(ಹುಡುಗಿಯ ಗುಟ್ಟನ್ನಾದರೂ ಸರಿಯಾಗಿ ಕಾಯುತ್ತಾರಾ ಎಂದು ಕೇಳಬೇಡಿ. ಹಿಂದೆ ಟ್ವಿಟರ್ ಆಗಿದ್ದ ಎಕ್ಸ್ ಎಂಬ ಕಂಪನಿ 2024ರ ನವೆಂಬರ್‌ನಲ್ಲಿ ನಿಯಮ ಬದಲಿಸಿತು. ನೀವು ಬ್ಲಾಕ್ ಮಾಡಿದವರೂ ನಿಮ್ಮ ಸಾರ್ವಜನಿಕ ಪೋಸ್ಟ್‌ಗಳನ್ನು ಓದಬಹುದು, ಲೈಕ್, ಉತ್ತರ ಮಾತ್ರ ಆಗದು. ಬಾಗಿಲು ಹಾಕಿದ್ದೇವೆ, ಕಿಟಕಿಯ ಹತ್ತಿರ ನಿಂತು ನೋಡಿಕೊಳ್ಳಲಿ ಬಿಡಿ ಎಂಬ ಉದಾರತೆ.)

ತಪ್ಪಿನ ವಿಚಾರಕ್ಕೆ ಬರೋಣ. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್, ಇನ್‌ಸ್ಟಾಗ್ರಾಮ್, ವಾಟ್ಸ್ಆ್ಯಪ್ ಮೂರೂ ಒಟ್ಟಿಗೆ ಮಾಯವಾದವು. ಮಾಮೂಲಿ ನಿರ್ವಹಣೆಯ ವೇಳೆ ಕೊಟ್ಟ ಒಂದು ಆದೇಶ ಅವರದೇ ಒಳಜಾಲವನ್ನು ಕತ್ತರಿಸಿತು. ಇಂಥ ಆದೇಶವನ್ನು ತಡೆಯಬೇಕಿದ್ದ ಉಪಕರಣದಲ್ಲೇ ದೋಷವಿತ್ತು. ನಮ್ಮ ವಿಳಾಸ ಇಂಥದ್ದು ಎಂದು ಜಗತ್ತಿಗೆ ಹೇಳುತ್ತಿದ್ದ ವ್ಯವಸ್ಥೆಯೂ ಮೌನವಾಯಿತು. ಸುಮಾರು 6 ಗಂಟೆ ಹೀಗೇ. ಸರಿಪಡಿಸಲು ಹೊರಟ ಎಂಜಿನಿಯರುಗಳಿಗೆ ತಮ್ಮದೇ ಡೇಟಾ ಸೆಂಟರ್ ಒಳಗೆ ಹೋಗಿ ಯಂತ್ರ ಮುಟ್ಟುವುದಕ್ಕೆ ಸಮಯ ಹಿಡಿಯಿತು, ಭದ್ರತೆ ಅಷ್ಟು ಗಟ್ಟಿಯಾಗಿತ್ತಂತೆ. ಕ್ಷಮೆ ಕೇಳುವುದಕ್ಕೆ ಫೇಸ್‌ಬುಕ್ ಟ್ವಿಟರ್‌ಗೆ ಬರಬೇಕಾಯಿತು. ಆ ಹೊತ್ತಿನಲ್ಲಿ ಭೂಮಿಯ ಮೇಲೆ ಎಷ್ಟು ಜನ ತಮ್ಮ ವೈಫೈ ಪೆಟ್ಟಿಗೆಯನ್ನು ಬೈದುಕೊಂಡು ಆಫ್ ಮಾಡಿ ಆನ್ ಮಾಡಿರಬಹುದು! ಪಾಪದ ಪೆಟ್ಟಿಗೆ.

2022ರ ಅಕ್ಟೋಬರ್ 31ರಂದು ಇನ್‌ಸ್ಟಾಗ್ರಾಮ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಏನೂ ಮಾಡದ ಜನರಿಗೆ 'ನಿಮ್ಮ ಖಾತೆಯನ್ನು ಅಮಾನತು ಮಾಡಲಾಗಿದೆ' ಎಂದಿತು. ಹಲವರ ಫಾಲೋವರ್‌ಗಳ ಸಂಖ್ಯೆ ನೋಡನೋಡುತ್ತಿದ್ದಂತೆ ಇಳಿಯಿತು. ಗಂಟೆಗಟ್ಟಲೆ ಜನ ತಾವು ಯಾವಾಗ ಯಾವ ನಿಯಮ ಮುರಿದೆವು ಎಂದು ಆತ್ಮಪರೀಕ್ಷೆ ಮಾಡಿಕೊಂಡರು. ಆಮೇಲೆ ಕಂಪನಿ ಹೇಳಿದ್ದು ಇಷ್ಟೇ: ಅದೊಂದು ಬಗ್, ಸರಿಮಾಡಿದ್ದೇವೆ. 2024ರ ಮಾರ್ಚ್ 5ರಂದು ಫೇಸ್‌ಬುಕ್ ಜಗತ್ತಿನಾದ್ಯಂತ ಜನರನ್ನು ಹೊರಗೆ ತಳ್ಳಿ, ಸರಿಯಾದ ಪಾಸ್‌ವರ್ಡ್ ಕೊಟ್ಟರೂ ತಪ್ಪು ಎಂದಿತು. ಖಾತೆ ಕಳ್ಳತನವಾಯಿತು ಎಂದು ಹೆದರಿದವರು ಎಷ್ಟೋ. ಗಮನಿಸಿ, ಮೂರೂ ಸಲ ಕ್ಯಾಶ್ ನಿರಪರಾಧಿ.

ಇನ್ನು ದರ್ಬಾರು. 2011ರಲ್ಲಿ ಫೇಸ್‌ಬುಕ್ ಲೇಖಕ ಸಲ್ಮಾನ್ ರಶ್ದಿಯವರ ಖಾತೆಯನ್ನು ನಿಲ್ಲಿಸಿತು, ಇದು ನಕಲಿ ಇರಬೇಕೆಂದು. ಅವರು ಪಾಸ್‌ಪೋರ್ಟ್ ಚಿತ್ರ ಕಳಿಸಿದರು. ಅದರಲ್ಲಿ ಮೊದಲ ಹೆಸರು ಅಹ್ಮದ್. ಆ ಹೆಸರನ್ನು ಅವರು ಬಳಸಿದವರೇ ಅಲ್ಲ. ಕಂಪನಿ ಹಟ ಹಿಡಿದು ಅವರನ್ನು ಅಹ್ಮದ್ ರಶ್ದಿ ಮಾಡಿ ಕೂರಿಸಿತು. ಅವರು ಟ್ವಿಟರ್‌ನಲ್ಲಿ ಲೇವಡಿ ಮಾಡಿದ ಮೇಲೆ ಸಲ್ಮಾನ್ ವಾಪಸ್ ಬಂದರು.

2021ರಲ್ಲಿ ನಡೆದದ್ದು ಇದಕ್ಕಿಂತ ರುಚಿ. ಆಸ್ಟ್ರೇಲಿಯಾದ ಒಬ್ಬ ಕಲಾವಿದೆ 2012ರಿಂದ ಇನ್‌ಸ್ಟಾಗ್ರಾಮ್‌ನಲ್ಲಿ 'ಮೆಟಾವರ್ಸ್' ಎಂಬ ಹೆಸರಿನ ಖಾತೆ ಇಟ್ಟುಕೊಂಡಿದ್ದರು. ಆ ವರ್ಷದ ಅಕ್ಟೋಬರ್ ಕೊನೆಗೆ ಫೇಸ್‌ಬುಕ್ ಕಂಪನಿ ತನ್ನ ಹೆಸರನ್ನು ಮೆಟಾ ಎಂದು ಬದಲಿಸಿಕೊಂಡಿತು. ಕೆಲವೇ ದಿನಗಳಲ್ಲಿ ಕಲಾವಿದೆಯ ಪ್ರೊಫೈಲ್ ಮಾಯ. ಅಪರೂಪಕ್ಕೆ ಇಲ್ಲಿ ಕಾರಣವನ್ನೂ ಕೊಟ್ಟಿದ್ದರು: ನೀವು ಬೇರೆಯವರಂತೆ ನಟಿಸುತ್ತಿದ್ದೀರಿ! ಯಾರಂತೆ? ನಿನ್ನೆ ಮೊನ್ನೆ ಹೆಸರಿಟ್ಟುಕೊಂಡವರಂತೆ ಅವರು ಒಂಬತ್ತು ವರ್ಷ ಮೊದಲೇ ನಟಿಸಲು ಶುರುಮಾಡಿದ್ದರು, ಎಂಥ ದೂರದೃಷ್ಟಿ. ಅವರು ಬರೆದ ದೂರುಗಳಿಗೆ ಉತ್ತರ ಬರಲಿಲ್ಲ. ಒಂದು ದೊಡ್ಡ ಪತ್ರಿಕೆಯವರು ವಿಚಾರಿಸಿದ ಮೇಲೆ ಖಾತೆ ಮರಳಿತು, ತಪ್ಪಾಗಿತ್ತು ಎಂದು ಕಂಪನಿ ಹೇಳಿತು.

ಅಮೆರಿಕದ ಇಂಡಿಯಾನಾದಲ್ಲಿ ಒಬ್ಬ ವಕೀಲರಿದ್ದಾರೆ. ಅಪ್ಪ ಅಮ್ಮ ಇಟ್ಟ ಹೆಸರು ಫೇಸ್‌ಬುಕ್ ಸ್ಥಾಪಕರ ಹೆಸರೇ. ಫೇಸ್‌ಬುಕ್ ಅವರ ಖಾತೆಯನ್ನು ಹಲವು ಸಲ ಮುಚ್ಚಿತು, ಸ್ಥಾಪಕರ ಸೋಗು ಹಾಕಿದ್ದಾರೆಂದು. ಸ್ಥಾಪಕರಿಗಿಂತ ವಯಸ್ಸಿನಲ್ಲಿ ದೊಡ್ಡವರಾದ ಈ ವಕೀಲರು ಸಾಕಾಗಿ 2025ರಲ್ಲಿ ಮೊಕದ್ದಮೆ ಹೂಡಿದರು. ಅವರಿಗೊಂದು ಅನುಕೂಲವಿತ್ತು, ಕೋರ್ಟಿನ ದಾರಿ ಮೊದಲೇ ಗೊತ್ತಿತ್ತು.

ನಿಮಗೆ ಪತ್ರಕರ್ತರ ಪರಿಚಯವಿಲ್ಲ, ವಕೀಲಿ ಓದಿಲ್ಲ, ನಿಮ್ಮ ಲೇವಡಿಯನ್ನು ಜಗತ್ತು ಓದುವುದಿಲ್ಲ ಎಂದಿಟ್ಟುಕೊಳ್ಳಿ. ಆಗ ನಿಮ್ಮ ಪ್ರೊಫೈಲ್ ಕಾಣೆಯಾದರೆ? ದೂರು ಕೊಡಲು ಮೊದಲು ಲಾಗಿನ್ ಆಗಬೇಕು. ಲಾಗಿನ್ ಆಗುತ್ತಿಲ್ಲ ಎನ್ನುವುದೇ ದೂರು. ಹಾಗೂ ಹೀಗೂ ಒಂದು ಫಾರ್ಮ್ ಸಿಕ್ಕಿದರೆ ಅದು ನಿಮ್ಮ ಪ್ರೊಫೈಲಿನ ಲಿಂಕ್ ಕೇಳುತ್ತದೆ. ಲಿಂಕ್ ಕೊಟ್ಟರೆ 'ಈ ಪುಟ ಅಸ್ತಿತ್ವದಲ್ಲಿಲ್ಲ, ಸರಿಯಾದ ಲಿಂಕ್ ಕೊಡಿ' ಎನ್ನುತ್ತದೆ. ಆಮೇಲೆ ಮುಖದ ವೀಡಿಯೊ ಕೇಳುತ್ತದೆ. ಎಡಕ್ಕೆ ತಿರುಗಿ, ಬಲಕ್ಕೆ ತಿರುಗಿ, ಮೇಲೆ ನೋಡಿ. ನೀವು ತಿರುಗುತ್ತೀರಿ. ಇ-ಮೇಲ್ ಬರುತ್ತದೆ: ಪರಿಶೀಲಿಸಿದ್ದೇವೆ, ನಮ್ಮ ನಿರ್ಧಾರ ಸರಿಯಾಗಿದೆ, ಈ ಇ-ಮೇಲ್‌ಗೆ ಉತ್ತರಿಸಬೇಡಿ. ಪರಿಶೀಲಿಸಿದ್ದು ಯಾರು ಎನ್ನುವುದೂ ಲಭ್ಯವಿಲ್ಲ.

ಇದೇ ಕಂಪನಿಗಳು ನೀವಾಗಿಯೇ ಹೋಗುತ್ತೇನೆ ಎಂದಾಗ ತೋರುವ ಪ್ರೀತಿ ನೋಡಬೇಕು. ಫೇಸ್‌ಬುಕ್ ಖಾತೆ ಅಳಿಸಿ ಎಂದರೆ ತಕ್ಷಣ ಅಳಿಸುವುದಿಲ್ಲ. 30 ದಿನ ಯೋಚಿಸಲು ಕೊಡುತ್ತಾರೆ, ನಡುವೆ ಮನಸ್ಸು ಬದಲಿಸಿದರೆ ಎಲ್ಲವೂ ಹಾಗೇ ವಾಪಸ್. ಆಮೇಲೂ ಎಲ್ಲವನ್ನೂ ಅಳಿಸಲು 90 ದಿನಗಳವರೆಗೆ ಬೇಕಾಗಬಹುದು ಎನ್ನುತ್ತಾರೆ. ನೀವು ಬಿಟ್ಟು ಹೋಗಲು ಒಂದು ತಿಂಗಳು, ಅವರು ನಿಮ್ಮನ್ನು ಬಿಡಲು ಕಣ್ಣು ಮಿಟುಕಿಸುವಷ್ಟು ಹೊತ್ತು.

2023ರಿಂದ ಮೆಟಾ ಇದಕ್ಕೊಂದು ಪರಿಹಾರವನ್ನೂ ಮಾರುತ್ತಿದೆ. ತಿಂಗಳ ಚಂದಾ ಕೊಟ್ಟರೆ ಹೆಸರಿನ ಪಕ್ಕ ನೀಲಿ ಟಿಕ್, ಜೊತೆಗೆ ಸಹಾಯಕ್ಕೆ ಒಬ್ಬ ನಿಜವಾದ ಮನುಷ್ಯ. ಅಂದರೆ ಮನುಷ್ಯರು ಇದ್ದಾರೆ. ಇಷ್ಟು ದಿನ ಅವರೂ ಲಭ್ಯವಿರಲಿಲ್ಲ ಅಷ್ಟೇ.

ಕಾರಣ ಹೇಳುವುದು ತಾಂತ್ರಿಕವಾಗಿ ಕಷ್ಟ ಎಂಬ ವಾದ ಒಂದಿದೆ. ಯುರೋಪಿನಲ್ಲಿ ಆ ಕಷ್ಟ ಬಗೆಹರಿದಿದೆ. ಅಲ್ಲಿನ ಡಿಜಿಟಲ್ ಸೇವೆಗಳ ಕಾನೂನು 2024ರ ಫೆಬ್ರವರಿಯಿಂದ ಪೂರ್ತಿ ಜಾರಿಯಲ್ಲಿದೆ. ಖಾತೆಯನ್ನು ತಡೆಹಿಡಿದರೆ ಅದರ ಒಡೆಯರಿಗೆ ಸ್ಪಷ್ಟ ಕಾರಣ ಕೊಡಬೇಕು, ದೂರನ್ನು ಬರೀ ಯಂತ್ರದಿಂದ ತೀರ್ಮಾನಿಸುವಂತಿಲ್ಲ ಎನ್ನುತ್ತದೆ. ಅದೇ ಆ್ಯಪ್, ಅದೇ ಕಂಪನಿ. ದಂಡದ ಹೆದರಿಕೆ ಇರುವ ಕಡೆ ಬಾಯಿ ಬರುತ್ತದೆ. ಹಾಗಂತ ಅಲ್ಲಿ ಎಲ್ಲ ಸುಸೂತ್ರ ಎಂದಲ್ಲ, ಆದರೆ ಕೇಳುವುದಕ್ಕೆ ಒಂದು ಆಧಾರವಾದರೂ ಇದೆ, ಅಲ್ವಾ?

ಇಷ್ಟೆಲ್ಲ ಬೈದ ಮೇಲೆ ಒಂದೆರಡು ಕೆಲಸದ ಮಾತು ಹೇಳದಿದ್ದರೆ ನಾನೂ ಸಹಾಯ ಕೇಂದ್ರವೇ ಆಗಿಬಿಡುತ್ತೇನೆ. ಫೋನಿಗೆ ಚಿತ್ರಹಿಂಸೆ ಕೊಡುವ ಮೊದಲು ಹೆಸರಿನ ಅಕ್ಷರಗಳನ್ನು ನೋಡಿ. ಒಂದು ಚುಕ್ಕಿ, ಒಂದು ಅಂಡರ್‌ಸ್ಕೋರ್ ತಪ್ಪಿದರೂ ಬೇರೆ ಜಗತ್ತು. ಅವರು ಹೆಸರು ಬದಲಿಸಿದ್ದರೆ ಹಳೆಯ ಲಿಂಕ್ ಸತ್ತಿರುತ್ತದೆ, ಹಳೆಯ ಚಾಟ್ ತೆರೆದು ಅಲ್ಲಿಂದ ಹೆಸರನ್ನು ಒತ್ತಿ ನೋಡಿ. ಅಲ್ಲಿ ಬರೀ 'ಇನ್‌ಸ್ಟಾಗ್ರಾಮ್ ಯೂಸರ್' ಎಂದಿದ್ದರೆ ಖಾತೆ ಮುಚ್ಚಿರಬಹುದು, ಇಲ್ಲವೇ ಸಂಬಂಧ. ಎಲ್ಲರ ಪ್ರೊಫೈಲೂ ತೆರೆಯುತ್ತಿಲ್ಲವೆಂದರೆ ಸುಮ್ನೆ ಕಾಯಿರಿ, ಅಲ್ಲೆಲ್ಲೋ ಎಂಜಿನಿಯರುಗಳು ಓಡಾಡುತ್ತಿದ್ದಾರೆ. ಒಬ್ಬರದು ಮಾತ್ರ ಕಾಣದಿದ್ದರೆ ಲಾಗಿನ್ ಆಗದೆ ಬ್ರೌಸರ್‌ನಲ್ಲಿ ತೆರೆದು ನೋಡಿ, ಅಥವಾ ಇಬ್ಬರಿಗೂ ಗೊತ್ತಿರುವ ಗೆಳೆಯರನ್ನು ಕೇಳಿ. ಅವರಿಗೆ ಕಾಣುತ್ತಿದ್ದರೆ ವಿಷಯ ನಿಮಗೆ ಅರ್ಥವಾಗಿರಬೇಕು. ಆಗ ಇನ್ನೊಂದು ಖಾತೆ ತೆರೆದು ಹೋಗುವ ಜಾಣತನ ಬೇಡ. ಇನ್‌ಸ್ಟಾಗ್ರಾಮ್‌ನಲ್ಲಿ ನೀವು ಮುಂದೆ ತೆರೆಯಬಹುದಾದ ಖಾತೆಗಳನ್ನೂ ಈಗಲೇ ಸೇರಿಸಿ ಬ್ಲಾಕ್ ಮಾಡುವ ಆಯ್ಕೆ ಇದೆ.

ಬೇಕಾದರೆ ನೇರವಾಗಿ ಒಂದು ಫೋನ್ ಮಾಡಿ ಕೇಳಬಹುದು. ಅವರು ಎತ್ತಲಿಲ್ಲ ಎಂದರೆ, ದಯವಿಟ್ಟು ಕ್ಯಾಶ್ ಅಳಿಸಲು ಹೋಗಬೇಡಿ.