"ಅಜ್ಜಿಗೆ ಹೂವು ಕೊಡಿದೆ"

ನನ್ನ ಮಗಳಿಗೆ ಈಗ ಮೂರು ವರ್ಷ ಎರಡು ತಿಂಗಳು. ಹೋದ ವಾರ ಬೆಳಗ್ಗೆ ಹಿತ್ತಲಿಂದ ಓಡಿ ಬಂದು "ಅಮ್ಮಾ, ನಾನು ಅಜ್ಜಿಗೆ ಹೂವು ಕೊಡಿದೆ" ಅಂದಳು. ಮನೆಗೆ ಬಂದಿದ್ದ ನೆಂಟರೊಬ್ಬರು ತಕ್ಷಣ "ಕೊಡಿದೆ ಅಲ್ಲ ಕಂದ, ಕೊಟ್ಟೆ ಅನ್ನಬೇಕು" ಅಂತ ತಿದ್ದಿದರು. ಆಮೇಲೆ ನನ್ನ ಕಡೆ ತಿರುಗಿ "ಇನ್ನೂ ಸರಿಯಾಗಿ ಮಾತು ಬಂದಿಲ್ವಲ್ಲಮ್ಮ" ಅಂದರು. ಅವತ್ತಿಂದ ಇದನ್ನು ಬರೀಬೇಕು ಅಂತ ಅನ್ನಿಸ್ತಾನೇ ಇದೆ.

ಆ "ಕೊಡಿದೆ" ಅವಳಿಗೆ ಎಲ್ಲಿ ಸಿಕ್ಕಿತು? ಸ್ವಲ್ಪ ಯೋಚನೆ ಮಾಡಿ. ನಮ್ಮನೇಲಿ ಯಾರೂ ಹಾಗೆ ಹೇಳಲ್ಲ. ಬೀದಿಯಲ್ಲೂ ಇಲ್ಲ, ಟೀವಿಯಲ್ಲೂ ಇಲ್ಲ. ಓಡು, ಓಡಿದೆ. ಹಾಡು, ಹಾಡಿದೆ. ನೋಡು, ನೋಡಿದೆ. ಹಾಗಾದ್ರೆ ಕೊಡು? ಕೊಡಿದೆ! ಯಾರೂ ಕೂರಿಸಿ ಹೇಳಿಕೊಡದೆ, ಮೂರು ವರ್ಷದ ಮಗು ಕನ್ನಡದ ಒಂದು ನಿಯಮವನ್ನು ತಾನೇ ಕಂಡುಕೊಂಡು, ಅದನ್ನು ಇನ್ನೊಂದು ಪದಕ್ಕೆ ಹಾಕಿ ನೋಡಿದೆ. ಕೊಟ್ಟೆ, ಬಿಟ್ಟೆ, ನಕ್ಕೆ ಇವೆಲ್ಲ ಬೇರೆ ದಾರಿ ಹಿಡಿದ ಪದಗಳು, ಅವು ಕೇಳಿ ಕೇಳಿಯೇ ಬರಬೇಕು. ಬರುತ್ತವೆ.

1958ರಲ್ಲಿ ಅಮೆರಿಕದ ಭಾಷಾ ಸಂಶೋಧಕಿ ಜೀನ್ ಬರ್ಕೋ ಪುಟ್ಟ ಮಕ್ಕಳಿಗೆ ಹಕ್ಕಿಯಂಥದ್ದೊಂದು ಚಿತ್ರ ತೋರಿಸಿ ಇದರ ಹೆಸರು "ವಗ್" ಅಂದರು, ಅದು ಅವರೇ ಕಟ್ಟಿದ ಪದ. ಆಮೇಲೆ ಅಂಥವೇ ಎರಡು ತೋರಿಸಿದರು. ಮಕ್ಕಳು ಇಂಗ್ಲಿಷಿನ ಬಹುವಚನದ "ಸ್" ಸೇರಿಸಿ "ವಗ್ಸ್" ಅಂದವು. ಆ ಪದವನ್ನು ಅವು ಯಾವತ್ತೂ ಕೇಳಿರಲಿಲ್ಲ, ಕೇಳಲು ಸಾಧ್ಯವೂ ಇರಲಿಲ್ಲ. ಗಿಳಿಪಾಠ ಆಗಿದ್ರೆ ಇದು ಆಗ್ತಿತ್ತಾ?

ಎರಡು ವರ್ಷ ಆದ ಹೊಸದರಲ್ಲಿ ಅವಳು "ಅಪ್ಪ ಬಂತು" ಅಂತಿದ್ದಳು. ನಾವೇ ಅವಳನ್ನ "ಪುಟ್ಟಿ ಎದ್ದಿತಾ, ಪುಟ್ಟಿ ಮಮ್ಮು ತಿಂತಾ" ಅಂತ ಮಾತಾಡಿಸ್ತಿದ್ವಿ. ತಾನು ಬಂದರೆ "ಬಂತು" ಅಂತಾರೆ, ಅಪ್ಪ ಬಂದರೂ ಹಾಗೇ ತಾನೆ? ಇನ್ನೊಂದು, "ಅಮ್ಮಾ, ಗೊಂಬೆನ ಕೂರು." ಕೂರಿಸು ಅನ್ನುವ "ಇಸು" ಇನ್ನೂ ಕೈಗೆ ಸಿಕ್ಕಿರಲಿಲ್ಲ. ಆದರೆ ಅಮ್ಮ ಅಂತ ಒಬ್ಬಳು, ಗೊಂಬೆ ಅಂತ ಇನ್ನೊಂದು, ಇಬ್ಬರನ್ನೂ ಹೇಳಿಬಿಟ್ಟರೆ ಯಾರು ಯಾರನ್ನ ಕೂರಿಸಬೇಕು ಅನ್ನೋದು ಅರ್ಥ ಆಗುತ್ತೆ ಅಂತ ಅವಳಿಗೆ ಗೊತ್ತಿತ್ತು. ನನಗೆ ತುಂಬಾ ಖುಷಿ ಕೊಟ್ಟ ವಿಷಯ ಏನು ಅಂದ್ರೆ, ಇದನ್ನೇ ಕನ್ನಡದ ಮೂರು ವರ್ಷದ ಮಕ್ಕಳ ಜೊತೆ ಪರೀಕ್ಷೆ ಮಾಡಿ ನೋಡಿದ್ದಾರೆ. ಸಂಶೋಧಕರಾದ ಜೆಫ್ರಿ ಲಿಡ್ಜ್ ಮತ್ತು ಗ್ಲೈಟ್‌ಮನ್ ದಂಪತಿ 2003ರಲ್ಲಿ ಪ್ರಕಟಿಸಿದ ಕೆಲಸ ಅದು. ವಾಕ್ಯ ಹೇಳಿ, ಆಟಿಕೆಗಳಲ್ಲಿ ಅದನ್ನು ಮಾಡಿ ತೋರಿಸು ಅಂದಾಗ, ಮಕ್ಕಳು "ಇಸು" ಇದೆಯೋ ಇಲ್ಲವೋ ಅಂತ ನೋಡೋದಕ್ಕಿಂತ ವಾಕ್ಯದಲ್ಲಿ ಎಷ್ಟು ಜನ ಇದ್ದಾರೆ ಅನ್ನೋದನ್ನೇ ನಂಬಿದವು. ನಮ್ಮ ಭಾಷೆಯ ಒಂದು ಪುಟ್ಟ "ಇಸು"ವಿಂದ ಪ್ರಪಂಚದ ಮಕ್ಕಳ ಮನಸ್ಸಿನ ಬಗ್ಗೆ ತಿಳೀತು.

ಈಗ ನನ್ನ ನೋವಿನ ವಿಷಯಕ್ಕೆ ಬರ್ತೀನಿ. ಹೋದ ವರ್ಷ ಅವಳನ್ನ ಒಂದು ಪ್ಲೇಸ್ಕೂಲಿಗೆ ಸೇರಿಸಿದ್ವಿ. ಅಲ್ಲಿನ ಮಿಸ್ಸು "ಮನೇಲೂ ಇಂಗ್ಲಿಷಲ್ಲೇ ಮಾತಾಡಿ, ಇಲ್ಲಾಂದ್ರೆ ಮಗು ಕನ್ಫ್ಯೂಸ್ ಆಗುತ್ತೆ" ಅಂದರು. ನಾನೂ ನನ್ನ ಗಂಡನೂ ಎರಡು ತಿಂಗಳು ಹಾಗೇ ಮಾಡಿದ್ವಿ. ಕಮ್ ಹಿಯರ್. ಈಟ್. ಸಿಟ್ ಡೌನ್. ನೋ. ಡಾಗ್ ನೋಡು. ವಾಟರ್ ಕುಡಿ. ಇಡೀ ದಿನ ಬಾಯಿ ತುಂಬ ಮಾತಾಡ್ತಿದ್ದ ಮನೆಯಲ್ಲಿ ಮಗುವಿಗೆ ಸಿಗ್ತಿದ್ದದ್ದು ಬರೀ ಬಿಡಿ ಪದಗಳು ಮತ್ತು ಅಪ್ಪಣೆಗಳು. ಅವಳ ಮಾತು ಕಮ್ಮಿ ಆಯ್ತು. ಕೈ ತೋರಿಸೋದು ಜಾಸ್ತಿ ಆಯ್ತು. ಇಂಗ್ಲಿಷ್ ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ, ದಯವಿಟ್ಟು ಹಾಗೆ ಓದಬೇಡಿ. ಮಂಗಳೂರಿನ ಕಡೆ ಮನೇಲಿ ತುಳು ಅಥವಾ ಕೊಂಕಣಿ, ಹೊರಗೆ ಕನ್ನಡ, ಹೀಗೆ ಎರಡು ಮೂರು ಭಾಷೆಯಲ್ಲಿ ಬೆಳೆಯುವ ಮಕ್ಕಳು ಎಷ್ಟಿಲ್ಲ? ನಾವು ಕೊಟ್ಟಿದ್ದು ಭಾಷೆಯೇ ಆಗಿರಲಿಲ್ಲ ಅನ್ನೋದು ನನ್ನ ಸಂಕಟ.

ಆಗ ನಮ್ಮ ಅತ್ತೆ ಹಾಸನದ ಕಡೆಯಿಂದ ಬಂದರು, ಜೊತೆಗೆ ಒಂದು ಚೀಲ ಸೊಗಡಿನ ಅವರೆಕಾಯಿ. ಮರುದಿನವೇ ಮಗುವನ್ನ ಎದುರಿಗೆ ಕೂರಿಸಿಕೊಂಡು ಶುರು ಮಾಡಿದರು. "ನೋಡು ಪುಟ್ಟಿ, ನಿನ್ನೆ ರಾತ್ರಿ ಕಾಳು ನೆನೆಹಾಕಿದ್ವಲ್ಲ, ಈಗ ಹೇಗೆ ಉಬ್ಬಿವೆ ನೋಡು. ಒಂದು ತಗೊಂಡು ಹೀಗೆ ಹಿದುಕಬೇಕು. ಸಿಪ್ಪೆ ಈ ತಟ್ಟೆಗೆ, ಬೇಳೆ ಈ ಬಟ್ಟಲಿಗೆ. ಅಯ್ಯೋ, ನಿನ್ನ ಬೇಳೆ ಎಲ್ಲಿಗೆ ಹೋಯ್ತು?" ಅವಳ ಬೆರಳಿಂದ ಚಿಮ್ಮಿದ ಬೇಳೆ ಮಂಚದ ಕೆಳಗೆ ಹೋಗಿತ್ತು. "ಹಾರಿಹೋಯ್ತು ಅಜ್ಜಿ! ಮಂಚದ ಕೆಳಗೆ ಹೋಯ್ತು!" ತುಂಬಾ ದಿನದ ಮೇಲೆ ಕೇಳಿದ ಪೂರ್ತಿ ಮಾತು ಅದು. ಬಟ್ಟಲು, ಬಟ್ಟಲಿಗೆ, ಬಟ್ಟಲಲ್ಲಿ, ಬಟ್ಟಲಿಂದ... ಕನ್ನಡದ ಜೀವ ಇರೋದೇ ಪದದ ಬಾಲದಲ್ಲಿ. ಬರೀ "ಬೌಲ್" ಅಂತ ತೋರಿಸಿದರೆ ಆ ಬಾಲ ಮಗುವಿಗೆ ಎಲ್ಲಿಂದ ಸಿಗಬೇಕು?

ಮೊಬೈಲಲ್ಲಿ ರೈಮ್ಸ್ ಹಾಕಿ ಕೊಟ್ಟರೆ ಕಲೀತಾರೆ ಅನ್ನುವವರಿಗೆ ಇನ್ನೊಂದು ಮಾತು. 2003ರಲ್ಲೇ ಸಿಯಾಟಲ್‌ನ ಸಂಶೋಧಕಿ ಪೆಟ್ರೀಷಿಯಾ ಕೂಲ್ ಮತ್ತು ಅವರ ಜೊತೆಯವರು ಒಂಬತ್ತು ತಿಂಗಳ ಅಮೆರಿಕನ್ ಕೂಸುಗಳಿಗೆ ಚೀನೀ ಭಾಷೆ ಕೇಳಿಸಿದರು. ಎದುರು ಕೂತು ಆಟ ಆಡಿಸ್ತಾ, ಪುಸ್ತಕ ಓದ್ತಾ 12 ಸಲ ಮಾತಾಡಿಸಿದ ಕೂಸುಗಳು ಆ ಭಾಷೆಯ ಸದ್ದುಗಳನ್ನು ಗುರುತಿಸಿದವು. ಅದೇ ಜನ, ಅದೇ ಮಾತು, ಆದರೆ ಪರದೆ ಮೇಲೆ ನೋಡಿದ ಕೂಸುಗಳು ಏನೂ ಕಲೀಲಿಲ್ಲ. ಮಗುವಿಗೆ ಬೇಕಾಗಿರೋದು ತನ್ನ ಮುಖ ನೋಡಿ, ತಾನು ಬೆರಳು ತೋರಿಸಿದ ಕಡೆ ತಿರುಗಿ, ತನ್ನ ಮಾತಿಗೆ ಕಾಯುವ ಒಬ್ಬರು ಮನುಷ್ಯರು.

ಹಾಗಂತ ಎಲ್ಲವೂ ತಾನಾಗೇ ಬರುತ್ತೆ ಅಂತ ಕೂರಬೇಡಿ. ಕರೆದರೆ ತಿರುಗದ ಮಗು, ಎರಡು ವರ್ಷ ಆದರೂ ಎರಡು ಪದ ಜೋಡಿಸದ ಮಗು ಇದ್ರೆ, ಬಜೆ ತೇದು ನಾಲಿಗೆಗೆ ಹಚ್ಚಿದ್ದೀವಿ, ನಮ್ಮ ವಂಶದಲ್ಲೇ ಮಾತು ತಡ ಅಂತ ದಿನ ತಳ್ಳಬೇಡಿ. ಮೊದಲು ಕಿವಿ ಪರೀಕ್ಷೆ ಮಾಡಿಸಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇರೋದೇ ಇದಕ್ಕೆ. ದೂರದೂರದಿಂದ ಜನ ಅಲ್ಲಿಗೆ ಬರ್ತಾರೆ, ನಮ್ಮ ರಾಜ್ಯದಲ್ಲೇ ಇರುವಾಗ ನಾವು ಹೋಗದೆ ಇರಬಾರದು.

ಆ ನೆಂಟರು ತಿದ್ದಿದಾಗ ಮಗಳು ಸುಮ್ಮನಾಗಿಬಿಟ್ಟಿದ್ದಳು. ಅವರು ಹೋದ ಮೇಲೆ ನಾನು ಪಕ್ಕದಲ್ಲಿ ಕೂತು "ಹೌದಾ, ಅಜ್ಜಿಗೆ ಹೂವು ಕೊಟ್ಟೆಯಾ? ಯಾವ ಹೂವು ಕೊಟ್ಟೆ?" ಅಂದೆ. "ದಾಸವಾಳ ಕೊಡಿದೆ" ಅಂದಳು. ಈ ವಾರ ಎರಡೂ ಓಡಾಡ್ತಿವೆ, ಬೆಳಗ್ಗೆ ಕೊಡಿದೆ ಅಂತಾಳೆ, ಸಂಜೆ ಕೊಟ್ಟೆ ಅಂತಾಳೆ. "ಬಿಡಿದೆ" ಇನ್ನೂ ಹಾಗೇ ಇದೆ.