ರೂಮ್ ಖಾಲಿ, ಗಳಿಕೆ ದಾಖಲೆ: ಕೋವಿಡ್ ನಂತರದ ಹೋಟೆಲ್ ಲೆಕ್ಕ

ಕೋವಿಡ್ ನಂತರ ಪ್ರವಾಸೋದ್ಯಮ ಪೂರ್ತಿ ಚೇತರಿಸಿಕೊಂಡಿದೆ ಎಂದು ಯಾರಾದರೂ ಹೇಳಿದರೆ ನನಗೆ ಕೇಳಬೇಕು ಅನ್ನಿಸುವುದು ಒಂದೇ. ಏನನ್ನು ಎಣಿಸಿ ಹೇಳುತ್ತಿದ್ದೀರಿ? ಬಂದ ಜನರನ್ನೋ, ತುಂಬಿದ ರೂಮುಗಳನ್ನೋ, ಗಲ್ಲಾಪೆಟ್ಟಿಗೆಗೆ ಬಿದ್ದ ದುಡ್ಡನ್ನೋ? ಈ ಮೂರೂ ಒಟ್ಟಿಗೆ ಹೋದವು ನಿಜ. ವಾಪಸ್ ಬರುವಾಗ ಮಾತ್ರ ಒಂದೊಂದು ಒಂದೊಂದು ದಾರಿ ಹಿಡಿದವು.

ಮೊದಲು ಜನರ ಲೆಕ್ಕ ನೋಡೋಣ. ಒಂದು ದೇಶದಿಂದ ಇನ್ನೊಂದಕ್ಕೆ ಹೋಗಿ ಬರುವ ಪ್ರವಾಸಿಗರನ್ನು ವಿಶ್ವಸಂಸ್ಥೆಯ ಪ್ರವಾಸೋದ್ಯಮ ಸಂಸ್ಥೆ ಪ್ರತಿ ವರ್ಷ ಎಣಿಸುತ್ತದೆ. ಒಬ್ಬರೇ ಎರಡು ಸಲ ಹೋದರೆ ಎರಡು ಲೆಕ್ಕ. 2019ರಲ್ಲಿ ಅದು ಸುಮಾರು 146 ಕೋಟಿ ಇತ್ತು. 2020ರಲ್ಲಿ 40 ಕೋಟಿಯ ಆಸುಪಾಸಿಗೆ ಬಿತ್ತು. 2008ರ ಆರ್ಥಿಕ ಕುಸಿತ ನೆನಪಿದೆ ಅಲ್ವಾ? ಅದರ ಮರುವರ್ಷ ಇದೇ ಸಂಖ್ಯೆ ಇಳಿದಿದ್ದು ಶೇ 4ರಷ್ಟು. ಆಗ ಅದನ್ನೇ ದೊಡ್ಡ ಗಂಡಾಂತರ ಎಂದಿದ್ದರು. ಈ ಸಲ ಬಿದ್ದಿದ್ದು ಶೇ 70ಕ್ಕೂ ಜಾಸ್ತಿ. 2023ಕ್ಕೆ 130 ಕೋಟಿ, 2024ಕ್ಕೆ 140 ಕೋಟಿ. ಅಂತೂ ಹಳೆಯ ಜಾಗದ ಹತ್ತಿರ ಬರಲು ಐದು ವರ್ಷ ಹಿಡಿಯಿತು.

ಹೋಟೆಲಿನವರ ಲೆಕ್ಕ ಬೇರೆ. ಅವರು ಮುಖ್ಯವಾಗಿ ಮೂರು ಸಂಖ್ಯೆ ನೋಡುತ್ತಾರೆ. ನೂರು ರೂಮಿನಲ್ಲಿ ಎಷ್ಟು ತುಂಬಿದವು ಎನ್ನುವುದು ಆಕ್ಯುಪೆನ್ಸಿ. ತುಂಬಿದ ರೂಮಿಗೆ ಸರಾಸರಿ ಎಷ್ಟು ಬಾಡಿಗೆ ಸಿಕ್ಕಿತು ಎನ್ನುವುದು ಎಡಿಆರ್. ಎರಡನ್ನೂ ಗುಣಿಸಿದರೆ ರೆವ್‌ಪಾರ್, ಅಂದರೆ ಖಾಲಿ ಬಿದ್ದವನ್ನೂ ಸೇರಿಸಿ ಒಂದು ರೂಮಿಗೆ ಬಂದ ಗಳಿಕೆ. ನಿನ್ನೆ ರಾತ್ರಿ ಖಾಲಿ ಉಳಿದ ರೂಮನ್ನು ಇವತ್ತು ಯಾರಿಗೂ ಮಾರಲು ಆಗುವುದಿಲ್ಲ. ಹಾಗಾಗಿ ಮಾಲೀಕರ ಕಣ್ಣು ಈ ಮೂರನೆಯದರ ಮೇಲೆಯೇ ಇರುತ್ತದೆ. ಅದಕ್ಕೊಂದು ಗುಣ ಇದೆ. ರೂಮು ಕಡಿಮೆ ತುಂಬಿದರೂ ಬಾಡಿಗೆ ಏರಿಸಿದರೆ ಅದು ಮೇಲೆ ಹೋಗುತ್ತದೆ.

ಅಮೆರಿಕವನ್ನೇ ತೆಗೆದುಕೊಳ್ಳಿ. ಹೋಟೆಲ್ ಅಂಕಿಅಂಶ ಅಲ್ಲಿ ಸಿಗುವಷ್ಟು ಚೊಕ್ಕವಾಗಿ ಬೇರೆ ಕಡೆ ಸಿಗುವುದು ಕಡಿಮೆ. 2019ರಲ್ಲಿ ಅಲ್ಲಿ ನೂರಕ್ಕೆ 66 ರೂಮು ತುಂಬುತ್ತಿದ್ದವು. ಸರಾಸರಿ ಬಾಡಿಗೆ ಸುಮಾರು 131 ಡಾಲರ್. 2020ರಲ್ಲಿ 44 ರೂಮು, ಬಾಡಿಗೆ 103 ಡಾಲರ್. ಅದು ಇಡೀ ವರ್ಷದ ಸರಾಸರಿ. ಆ ಏಪ್ರಿಲ್‌ನ ಕೆಲವು ವಾರ ಐದು ರೂಮಿಗೆ ಒಂದು ತುಂಬಿದ್ದೇ ಹೆಚ್ಚು. ಈಗ 2023ಕ್ಕೆ ಬನ್ನಿ. ತುಂಬಿದ್ದು 63 ರೂಮು, ಬಾಡಿಗೆ 155 ಡಾಲರ್. ರೆವ್‌ಪಾರ್ ಸುಮಾರು 98 ಡಾಲರ್, 2019ರಲ್ಲಿ ಸುಮಾರು 87 ಇತ್ತು. ಪತ್ರಿಕೆಗಳಲ್ಲಿ "ಸಾರ್ವಕಾಲಿಕ ದಾಖಲೆ" ಎಂದು ಬಂತು. ಸುಳ್ಳೇನಲ್ಲ. ಆದರೆ ನೂರಕ್ಕೆ ಮೂರು ರೂಮು ಇನ್ನೂ ವಾಪಸ್ ಬಂದಿರಲಿಲ್ಲ. 2024ರಲ್ಲೂ ಬರಲಿಲ್ಲ.

ಇನ್ನೊಂದು ಮಾತು ಆ ಸುದ್ದಿಗಳಲ್ಲಿ ಸಾಮಾನ್ಯವಾಗಿ ಇರುವುದೇ ಇಲ್ಲ. 2019ರಿಂದ 2023ರ ಒಳಗೆ ಅಮೆರಿಕದಲ್ಲಿ ಬೆಲೆಗಳೇ ಶೇ 19ರಷ್ಟು ಏರಿದ್ದವು. ರೂಮಿನ ಬಾಡಿಗೆ ಏರಿದ್ದೂ ಹೆಚ್ಚುಕಡಿಮೆ ಅಷ್ಟೇ. ರೆವ್‌ಪಾರ್ ಏರಿದ್ದು ಶೇ 13ರಷ್ಟು. ಬೆಲೆಯೇರಿಕೆ ಕಳೆದು ನೋಡಿದರೆ ಆ ದಾಖಲೆಯ ವರ್ಷ 2019ಕ್ಕಿಂತ ಕೆಳಗೇ ಇತ್ತು. ಗೂಗಲ್ ಮಾಡುವ ಮನಸ್ಸಿದ್ದವರು ಕ್ಯಾಲ್ಕುಲೇಟರ್ ಹಿಡಿದು ನೋಡಬಹುದು. ಹತ್ತು ನಿಮಿಷದ ಕೆಲಸ.

ನನ್ನ ಪ್ರಕಾರ ಹೋಟೆಲ್ ಉದ್ಯಮವನ್ನು ಎತ್ತಿ ನಿಲ್ಲಿಸಿದ್ದು ಬಾಡಿಗೆ. ತುಂಬಿದ ರೂಮುಗಳಲ್ಲ. ಇದರಲ್ಲಿ ಹೋಟೆಲಿನವರ ಜಾಣತನವೂ ಇದೆ, ಒಪ್ಪಬೇಕು. ಹಿಂದಿನ ಸಂಕಟಗಳಲ್ಲಿ, 2001ರಲ್ಲಿ ಅಮೆರಿಕದ ಮೇಲೆ ಉಗ್ರರ ದಾಳಿ ಆದ ನಂತರ, 2008ರ ನಂತರ, ರೂಮು ತುಂಬಿಸಲು ಎಲ್ಲರೂ ಪೈಪೋಟಿಗೆ ಬಿದ್ದು ಬಾಡಿಗೆ ಇಳಿಸಿದ್ದರು. ಒಮ್ಮೆ ಇಳಿಸಿದ ಬಾಡಿಗೆ ಮೇಲೆ ಹತ್ತಲು ವರ್ಷಗಳೇ ಬೇಕಾದವು. ಈ ಸಲ ಅವರಿಗೆ ಒಂದು ಸತ್ಯ ಬೇಗ ಹೊಳೆಯಿತು. ಸೋಂಕಿಗೆ ಹೆದರಿದವರನ್ನು ಅರ್ಧ ಬಾಡಿಗೆ ಕರೆತರುವುದಿಲ್ಲ. ಬರಬೇಕೆಂದು ಹಟ ಹಿಡಿದವರನ್ನು ದುಬಾರಿ ಬಾಡಿಗೆ ತಡೆಯುವುದಿಲ್ಲ. ಎರಡು ವರ್ಷ ಮನೆಯಲ್ಲಿ ಕೂತವರ ಕೈಯಲ್ಲಿ ಒಂದಷ್ಟು ಉಳಿತಾಯವೂ ಇತ್ತು. ಜೊತೆಗೆ ಗಂಟೆಗೊಮ್ಮೆ ದರ ಬದಲಿಸುವ ಸಾಫ್ಟ್‌ವೇರ್ ಹೇಗೂ ಕೈಲಿತ್ತು.

ಹೆದರಿಕೆಯ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. 2020ರಲ್ಲಿ ಬಹಳ ಜನ ಪಂಡಿತರು ಹೇಳಿದ್ದು ಒಂದೇ ಮಾತು: ಜನರ ಭಯ ಹೋಗಲು ವರ್ಷಗಳು ಬೇಕು, ವಿಮಾನ ಹತ್ತಲು ಹಿಂಜರಿಯುತ್ತಾರೆ, ಹೋಟೆಲ್ ಹಾಸಿಗೆ ಕಂಡರೆ ಬೆಚ್ಚುತ್ತಾರೆ. ನಡೆದಿದ್ದೇ ಬೇರೆ. ಗಡಿ ತೆರೆದ ಕಡೆಯೆಲ್ಲ ಜನ ನುಗ್ಗಿದರು. ಮಾಲ್ಡೀವ್ಸ್ 2020ರ ಜುಲೈ ಮಧ್ಯದಲ್ಲೇ ಬಾಗಿಲು ತೆರೆಯಿತು. ಆಗ ಲಸಿಕೆ ಇನ್ನೂ ಜನರ ಕೈಗೆ ಬಂದಿರಲಿಲ್ಲ. ಆದರೂ ಅಲ್ಲಿಗೆ ಹೋಗುವವರು ಹೋದರು.

ಬೇಡಿಕೆಯನ್ನು ಕೊಂದಿದ್ದು ನಿಯಮಗಳ ಗೊಂದಲ. 2021ರ ಮೇ 17ರಂದು ಇಂಗ್ಲೆಂಡ್ ಬೇರೆ ದೇಶಗಳನ್ನು ಟ್ರಾಫಿಕ್ ಲೈಟಿನಂತೆ ಹಸಿರು, ಹಳದಿ, ಕೆಂಪು ಎಂದು ವಿಂಗಡಿಸಿ ಪ್ರವಾಸಕ್ಕೆ ಬಿಟ್ಟಿತು. ಪೋರ್ಚುಗಲ್ ಹಸಿರು ಪಟ್ಟಿಯಲ್ಲಿತ್ತು. ಜನ ಓಡಿಹೋಗಿ ಬುಕ್ ಮಾಡಿದರು. ಮೂರು ವಾರ ಕಳೆಯುತ್ತಲೇ ಅದು ಹಳದಿಯಾಯಿತು. ವಾಪಸ್ ಬಂದರೆ ಹತ್ತು ದಿನ ಮನೆಯೊಳಗೆ. ಸಮುದ್ರ ತೀರದಲ್ಲಿ ಮಲಗಿದ್ದವರು ಗಡುವಿನೊಳಗೆ ಊರು ಸೇರಲು ಟಿಕೆಟಿಗಾಗಿ ಪರದಾಡಿದರು. ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್ ತಮ್ಮಿಬ್ಬರ ನಡುವೆ ಕ್ವಾರಂಟೈನ್ ಇಲ್ಲದ ಓಡಾಟವನ್ನು ಅದೇ ವರ್ಷದ ಏಪ್ರಿಲ್‌ನಲ್ಲಿ ಶುರು ಮಾಡಿದವು. ಜುಲೈನಲ್ಲಿ ಅದು ನಿಂತೇ ಹೋಯಿತು. ಹೋಗುವ ದಿನ ಒಂದು ನಿಯಮ, ಬರುವ ದಿನ ಇನ್ನೊಂದು ಎಂದರೆ ಯಾರು ತಾನೇ ಆರು ತಿಂಗಳ ಮುಂಚೆ ರೂಮ್ ಬುಕ್ ಮಾಡುತ್ತಾರೆ? ಬುಕಿಂಗ್ ಕೊನೇ ಗಳಿಗೆಗೆ ಜಾರಿತು. ಉಚಿತವಾಗಿ ಕ್ಯಾನ್ಸಲ್ ಮಾಡುವ ಅವಕಾಶ ಇಲ್ಲದ ರೂಮನ್ನು ಜನ ಮುಟ್ಟುತ್ತಿರಲಿಲ್ಲ. ಆ ಅಭ್ಯಾಸ ಈಗಲೂ ಪೂರ್ತಿ ಹೋಗಿಲ್ಲ. ನನ್ನದಂತೂ ಹೋಗಿಲ್ಲ.

ನಿಯಮ ಸಡಿಲವಾದ ಮೇಲೆ ಬೇಡಿಕೆ ಬಂದ ವೇಗ ನೋಡಿ. 2022ರ ಜೂನ್ 12ರಂದು, ವಿಮಾನದಲ್ಲಿ ಬರುವವರು ಕೋವಿಡ್ ಟೆಸ್ಟ್ ಮಾಡಿಸಿಕೊಂಡೇ ಬರಬೇಕು ಎನ್ನುವ ಷರತ್ತನ್ನು ಅಮೆರಿಕ ಕೈಬಿಟ್ಟಿತು. ಯುರೋಪಿನಲ್ಲೂ ನಿರ್ಬಂಧಗಳು ಬಹುಪಾಲು ಹೋಗಿದ್ದವು. ಆ ಬೇಸಿಗೆಯಲ್ಲಿ ಲಂಡನ್ನಿನ ಹೀಥ್ರೂ ವಿಮಾನ ನಿಲ್ದಾಣ ತಾನೇ ಕೈ ಮುಗಿದು, ದಿನಕ್ಕೆ ಒಂದು ಲಕ್ಷಕ್ಕಿಂತ ಜಾಸ್ತಿ ಜನರನ್ನು ಕಳಿಸಲು ನಮ್ಮಿಂದ ಆಗದು ಎಂದು ಮಿತಿ ಹಾಕಿತು. ಆಮ್‌ಸ್ಟರ್‌ಡಾಮಿನ ಸ್ಕಿಪೋಲ್ ಕೂಡ ಅದನ್ನೇ ಮಾಡಿತು. ಎರಡು ವರ್ಷದ ಹಿಂದೆ ಗಿರಾಕಿಯೇ ಇಲ್ಲ ಎಂದು ಅಳುತ್ತಿದ್ದ ಉದ್ಯಮ ಈಗ ದಯವಿಟ್ಟು ಬರಬೇಡಿ ಎನ್ನುತ್ತಿತ್ತು! ಕಾರಣ ಗೊತ್ತಿರುವುದೇ. 2020ರಲ್ಲಿ ಸಾಮಾನು ಹೊರುವವರು, ಭದ್ರತಾ ತಪಾಸಣೆಯವರು, ಹೋಟೆಲಿನ ಹೌಸ್‌ಕೀಪಿಂಗ್‌ನವರು ಹೀಗೆ ಸಾವಿರಾರು ಜನರನ್ನು ಮನೆಗೆ ಕಳಿಸಿದ್ದರು. ಅವರು ಕಾದು ಕೂರಲಿಲ್ಲ. ಗೋದಾಮಿಗೋ ಡೆಲಿವರಿಗೋ ಸೇರಿಕೊಂಡರು. ಪ್ರವಾಸಿಗ ವಾಪಸ್ ಬಂದಷ್ಟು ಸಲೀಸಾಗಿ ಕೆಲಸಗಾರ ವಾಪಸ್ ಬರಲಿಲ್ಲ.

ಮೊದಲು ಬಂದವರು ಸುತ್ತಾಡಲು ಬಂದವರು. ಅದರಲ್ಲೂ ಕಾರಿನಲ್ಲಿ ಹೋಗಬಹುದಾದ ಬೆಟ್ಟ, ಕಡಲ ತೀರ, ಕಾಡಿನ ಅಂಚು. ಜನರ ಮನೆಗಳನ್ನು ಪ್ರವಾಸಿಗರಿಗೆ ಬಾಡಿಗೆಗೆ ಕೊಡಿಸುವ ಏರ್‌ಬಿಎನ್‌ಬಿ ಕಥೆಯಲ್ಲೇ ಇದು ಗೊತ್ತಾಗುತ್ತದೆ. 2020ರ ಮೇ ತಿಂಗಳಲ್ಲಿ ಆ ಕಂಪನಿ ಸುಮಾರು 1,900 ಜನರನ್ನು, ಅಂದರೆ ನಾಲ್ಕನೇ ಒಂದು ಭಾಗ ಸಿಬ್ಬಂದಿಯನ್ನು ತೆಗೆಯಿತು. ಅದೇ ಡಿಸೆಂಬರ್‌ನಲ್ಲಿ ಷೇರು ಮಾರುಕಟ್ಟೆಗೆ ಬಂದಾಗ ಮೊದಲ ದಿನವೇ ಷೇರಿನ ಬೆಲೆ ಎರಡು ಪಟ್ಟಾಯಿತು. ಏಳು ತಿಂಗಳಲ್ಲಿ ಆಗಿದ್ದೆಂದರೆ, ಲ್ಯಾಪ್‌ಟಾಪ್ ಇದ್ದವರು ಎಲ್ಲಿ ಬೇಕಾದರೂ ತಿಂಗಳುಗಟ್ಟಲೆ ಇರಬಹುದು ಎಂದು ಕಂಡುಕೊಂಡಿದ್ದು.

ಕಡೆಗೆ ಬಂದಿದ್ದು, ಇನ್ನೂ ಪೂರ್ತಿ ಬರದಿರುವುದು, ಆಫೀಸ್ ಕೆಲಸದ ಓಡಾಟ. ಅರ್ಧಕ್ಕಿಂತ ಜಾಸ್ತಿ ವ್ಯವಹಾರದ ಪ್ರಯಾಣ ಶಾಶ್ವತವಾಗಿ ಹೋಗಿಬಿಡುತ್ತದೆ ಎಂದು 2020ರ ನವೆಂಬರ್‌ನಲ್ಲಿ ಬಿಲ್ ಗೇಟ್ಸ್ ಹೇಳಿದ್ದರು. ಅಷ್ಟೊಂದು ಹೋಗಲಿಲ್ಲ. ಕಾನ್ಫರೆನ್ಸ್‌ಗಳು ಭರ್ಜರಿಯಾಗಿಯೇ ವಾಪಸ್ ಬಂದವು. ಆದರೆ ಬೆಳಗ್ಗೆ ಹೋಗಿ ಒಂದು ಗಂಟೆ ಮೀಟಿಂಗ್ ಮಾಡಿ ರಾತ್ರಿ ಉಳಿದು ಬರುವ ಪ್ರಯಾಣ ಇದೆಯಲ್ಲ, ಅದನ್ನು ವೀಡಿಯೊ ಕಾಲ್ ನುಂಗಿತು. ಕೇಳಲು ಸಣ್ಣ ವಿಷಯ. ಹೋಟೆಲಿಗೆ ಅದು ದೊಡ್ಡದು. ಸುತ್ತಾಡುವವರು ಶುಕ್ರವಾರ, ಶನಿವಾರ ಬರುತ್ತಾರೆ. ಮಂಗಳವಾರ, ಬುಧವಾರದ ರೂಮನ್ನು ತುಂಬುತ್ತಿದ್ದವನು ಕಂಪನಿ ದುಡ್ಡಲ್ಲಿ ಬರುವ ಆಸಾಮಿ. ಅವನು ಬಾಡಿಗೆಗೆ ಚೌಕಾಸಿ ಮಾಡುತ್ತಿರಲಿಲ್ಲ.

ಇಂಥವರನ್ನೇ ನಂಬಿಕೊಂಡಿದ್ದ ಊರುಗಳ ಪಾಡು ನೋಡಬೇಕೆಂದರೆ ಸ್ಯಾನ್ ಫ್ರಾನ್ಸಿಸ್ಕೊ ನೋಡಿ. ಅಮೆರಿಕದ ಹೋಟೆಲ್‌ಗಳು ದಾಖಲೆ ಬರೆದ ಅದೇ 2023ರ ಜೂನ್‌ನಲ್ಲಿ, ಅಲ್ಲಿನ ಎರಡು ದೊಡ್ಡ ಹಿಲ್ಟನ್ ಹೋಟೆಲ್‌ಗಳ ಮಾಲೀಕ ಕಂಪನಿ 72.5 ಕೋಟಿ ಡಾಲರ್ ಸಾಲದ ಕಂತು ಕಟ್ಟುವುದನ್ನು ನಿಲ್ಲಿಸಿತು. ಎರಡರಲ್ಲೂ ಸೇರಿ ಮೂರು ಸಾವಿರದ ಹತ್ತಿರ ರೂಮು. ಹೋಟೆಲ್ ನೀವೇ ಇಟ್ಟುಕೊಳ್ಳಿ ಎಂದು ಸಾಲ ಕೊಟ್ಟವರ ಕೈಗೆ ಬಿಟ್ಟು ನಡೆಯಿತು. ದೇಶದ ಸರಾಸರಿ ಹಿಡಿದುಕೊಂಡು ಯಾರಾದರೂ ಆ ಊರಿಗೆ ಹೋಗಿ "ಚೇತರಿಕೆ ಆಗಿದೆಯಂತಲ್ಲ" ಎಂದಿದ್ದರೆ ಏನು ಉತ್ತರ ಸಿಗುತ್ತಿತ್ತೋ.

ದೇಶಗಳ ಮಟ್ಟದಲ್ಲೂ ಇದೇ ಕಥೆ. ಮಧ್ಯಪ್ರಾಚ್ಯ 2023ರಲ್ಲೇ 2019ರ ಸಂಖ್ಯೆಯನ್ನು ದಾಟಿತು. ಏಷ್ಯಾ ಪೆಸಿಫಿಕ್ ಆಗಿನ್ನೂ ಹಳೆಯದರ ಮೂರನೇ ಎರಡು ಭಾಗದಲ್ಲಿತ್ತು. ಚೀನಾ ಬಾಗಿಲು ತೆರೆದಿದ್ದೇ 2023ರ ಜನವರಿ 8ಕ್ಕೆ. ಜಪಾನ್ ಒಬ್ಬೊಬ್ಬರೇ ಬರುವ ಪ್ರವಾಸಿಗರಿಗೆ ಅನುಮತಿ ಕೊಟ್ಟಿದ್ದು 2022ರ ಅಕ್ಟೋಬರ್‌ನಲ್ಲಿ. ತಡವಾಗಿ ತೆರೆದವರಿಗೆ ತಡವಾಗಿ ಬಂತು, ಅಷ್ಟೇ. ಇನ್ನೊಂದು ತುದಿಯಲ್ಲಿ, ಪ್ರವಾಸಿಗರು ಸಾಕಪ್ಪಾ ಸಾಕು ಎಂದ ಊರುಗಳು. ವೆನಿಸ್ 2024ರ ಏಪ್ರಿಲ್ 25ರಿಂದ, ಆಯ್ದ ದಿನಗಳಲ್ಲಿ, ಬೆಳಗ್ಗೆ ಬಂದು ಸಂಜೆ ಹೋಗುವವರಿಂದ 5 ಯೂರೋ ಪ್ರವೇಶ ಶುಲ್ಕ ತೆಗೆದುಕೊಳ್ಳಲು ಶುರು ಮಾಡಿತು. ಆ ಜುಲೈನಲ್ಲಿ ಬಾರ್ಸಿಲೋನಾದವರು ಮೆರವಣಿಗೆ ಮಾಡಿ ಪ್ರವಾಸಿಗರ ಮೇಲೆ ನೀರಿನ ಪಿಚಕಾರಿ ಹಾರಿಸಿದರು.

ಇನ್ನು ನನ್ನ ಸ್ವಂತ ದೂರು. ಇತ್ತೀಚೆಗೆ ಒಂದು ಹೋಟೆಲಿನಲ್ಲಿ ಉಳಿದಿದ್ದೆ. ಹೆಸರು ಬೇಡ. ಬಾಡಿಗೆ ಕೋವಿಡ್ ಮುಂಚಿನದಕ್ಕಿಂತ ಎಷ್ಟೋ ಜಾಸ್ತಿ. ಎರಡನೇ ದಿನ ಸಂಜೆ ಬಂದು ನೋಡಿದರೆ ಹಾಸಿಗೆ ಬಿಟ್ಟು ಹೋದ ಹಾಗೇ ಇದೆ, ಟವೆಲ್ ಒದ್ದೆ ಇದೆ, ಕಸದ ಬುಟ್ಟಿ ತುಂಬಿದೆ. ಕೆಳಗೆ ಕೇಳಿದರೆ, "ಸರ್, ರೂಮ್ ಕ್ಲೀನಿಂಗ್ ಬೇಕು ಅಂತ ಹಿಂದಿನ ದಿನವೇ ಹೇಳಬೇಕು" ಎಂದರು. ಪಾಪ, ಆ ಹುಡುಗ ಒಬ್ಬನೇ ಫೋನ್ ಎತ್ತುತ್ತಾ, ಚೆಕ್‌ಇನ್ ಮಾಡುತ್ತಾ, ಬ್ಯಾಗ್ ಇಡಿಸಿಕೊಳ್ಳುತ್ತಾ ಇದ್ದ. ಅವನ ಮೇಲೆ ರೇಗಲು ಮನಸ್ಸಾಗಲಿಲ್ಲ. ರೂಮಿನಲ್ಲಿ ಒಂದು ಕಾರ್ಡ್ ಇತ್ತು. ನೀರು ಉಳಿಸೋಣ, ಭೂಮಿ ಉಳಿಸೋಣ ಎಂದು.

ಸೋಂಕಿನ ಕಾಲದಲ್ಲಿ ದಿನವೂ ಒಬ್ಬರು ರೂಮಿಗೆ ಬಂದು ಹೋಗುವುದು ಬೇಡ ಎಂದಿದ್ದು ಸರಿಯೇ. ಗಿರಾಕಿಗೂ ಅದೇ ಬೇಕಿತ್ತು. ಸೋಂಕು ಹೋಯಿತು, ಪದ್ಧತಿ ಉಳಿಯಿತು. ಹಿಲ್ಟನ್ 2021ರಲ್ಲೇ ಅಮೆರಿಕದ ತನ್ನ ಬಹುತೇಕ ಹೋಟೆಲ್‌ಗಳಲ್ಲಿ, ಐಷಾರಾಮಿ ಬ್ರ್ಯಾಂಡ್‌ಗಳನ್ನು ಬಿಟ್ಟು, ದಿನನಿತ್ಯದ ಕ್ಲೀನಿಂಗ್ ಅನ್ನು ಕೇಳಿದವರಿಗೆ ಮಾತ್ರ ಎಂದು ಬದಲಿಸಿತು. ಬೇರೆಯವರೂ ಅದೇ ದಾರಿ ಹಿಡಿದರು. ಚೇತರಿಕೆಯ ಗುಟ್ಟು ಇಲ್ಲಿದೆ ಎಂದು ನನಗನ್ನಿಸುವುದು. ಹೆಚ್ಚು ಬಾಡಿಗೆ, ಕಡಿಮೆ ಜನ, ಕಡಿಮೆ ಸೇವೆ. ನೂರಕ್ಕೆ ಮೂರು ರೂಮು ಹೆಚ್ಚು ಖಾಲಿ ಬಿದ್ದರೂ ಮಾಲೀಕನ ಲಾಭಕ್ಕೆ ಏಟು ಬೀಳದಂತೆ ನೋಡಿಕೊಂಡಿದ್ದು ಇದು. ನಾವು ಕೊಡುವುದು 2023ರ ಬಾಡಿಗೆ, ನಮಗೆ ಸಿಗುವುದು 2020ರ ಸೇವೆ.

ಕಡಿಮೆ ಕ್ಲೀನಿಂಗ್ ಎಂದರೆ ಕೆಲಸದವರಿಗೆ ಆರಾಮ ಎಂದುಕೊಳ್ಳಬೇಡಿ. ದಿನವೂ ಗುಡಿಸುವ ರೂಮು ಬೇಗ ಮುಗಿಯುತ್ತದೆ. ನಾಲ್ಕು ದಿನದ ಕಸ, ನಾಲ್ಕು ದಿನದ ಟವೆಲ್, ಬಾತ್‌ರೂಮಿನ ಕೊಳೆ ಎಲ್ಲ ಚೆಕ್‌ಔಟ್ ದಿನ ಒಟ್ಟಿಗೆ ಸಿಕ್ಕರೆ? ಅಷ್ಟರಲ್ಲಿ ಮುಂದಿನ ಗಿರಾಕಿ ಕೆಳಗೆ ಕಾಯುತ್ತಿರುತ್ತಾನೆ. ದಿನದ ಕೆಲಸ ಕಡಿಮೆ ಆಯಿತೆಂದು ಜನರ ಶಿಫ್ಟ್ ಕಡಿತವಾಗುತ್ತದೆ, ಉಳಿದವರ ಬೆನ್ನು ಮುರಿಯುತ್ತದೆ. 2024ರ ಸೆಪ್ಟೆಂಬರ್ ಮೊದಲ ವಾರ ಅಮೆರಿಕದ ಹಲವು ನಗರಗಳಲ್ಲಿ ಸುಮಾರು ಹತ್ತು ಸಾವಿರ ಹೋಟೆಲ್ ಕೆಲಸಗಾರರು ಮುಷ್ಕರ ಹೂಡಿದರು. ಸಂಬಳದ ಜೊತೆಗೆ ಅವರು ಕೇಳಿದ್ದು ಕೋವಿಡ್ ಹೆಸರಿನಲ್ಲಿ ತೆಗೆದ ಕೆಲಸಗಳನ್ನು, ದಿನನಿತ್ಯದ ಕ್ಲೀನಿಂಗ್ ಅನ್ನು ವಾಪಸ್ ಕೊಡಿ ಎಂದು. ಗಿರಾಕಿಯ ದೂರೂ ಅದೇ, ಕೆಲಸಗಾರರ ದೂರೂ ಅದೇ ಆಗುವುದು ಅಪರೂಪ. ಆದರೂ ಹೋಟೆಲ್ ರಿವ್ಯೂಗಳಲ್ಲಿ ನಾವು ಬೈದು ಬರೆಯುವುದು ಕ್ಲೀನಿಂಗ್‌ನವರನ್ನೇ. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಆ ಮುಷ್ಕರ ಮುಗಿದು ಒಪ್ಪಂದಕ್ಕೆ ಬಂದಿದ್ದು ಡಿಸೆಂಬರ್ ಕೊನೆಗೆ.