ಒಂದು ಗಂಟೆಯ ಕೆಲಸ

"ಅಷ್ಟಕ್ಕೆ ಯಂತ್ರವನ್ನೇ ಕೊಳ್ಳುತ್ತೀಯಾ ಮಾರಾಯ? ಜೆಸಿಬಿಯವನಿಗೆ ಒಂದು ಗಂಟೆಯ ಕೆಲಸ ಅದು" ಎಂದು ಅಣ್ಣ ಫೋನಿನಲ್ಲಿ ನಕ್ಕ. ಅವನು ನಗುವುದು ಹೊಸತೇನಲ್ಲ. ಆದರೆ ಪಕ್ಕದಲ್ಲಿದ್ದ ಅತ್ತಿಗೆಯ ಕಡೆ ತಿರುಗಿ, "ಇವನು ಟ್ರ್ಯಾಕ್ಟರಿಗೆ ಬಾಲ ಕಟ್ಟಿಸುತ್ತಾನಂತೆ" ಎಂದು ಹೇಳಿ ಮತ್ತೊಮ್ಮೆ ನಕ್ಕನಲ್ಲ, ಅದು ಚುಚ್ಚಿತು.

ನಾನು ಕೇಳಿದ್ದು ದೊಡ್ಡ ಸಂಗತಿಯೇನೂ ಆಗಿರಲಿಲ್ಲ. ನನ್ನ ಟ್ರ್ಯಾಕ್ಟರಿನ ಹಿಂದೆ ಕೂರಿಸಲು ಬ್ಯಾಕ್‌ಹೋ, ಅಂದರೆ ಮಣ್ಣು ತೋಡುವ ಬಕೆಟ್ಟಿನ ಕೈ, ಕೊಳ್ಳಬೇಕೆಂದಿದ್ದೆ, ಅಷ್ಟೇ. ಅಮೆರಿಕದ ಉತ್ತರದ ರಾಜ್ಯವೊಂದರ ಹಳ್ಳಿಗಾಡಿನಲ್ಲಿ ನನಗೆ ಐದು ಎಕರೆ ಜಾಗವಿದೆ. ಒಂದು ಮನೆ, ಮನೆಯಿಂದ ಇನ್ನೂರು ಅಡಿ ದೂರಕ್ಕೆ ಒಂದು ಕೊಟ್ಟಿಗೆ, 23 ಎಚ್‌ಪಿಯ ಪುಟ್ಟ ಟ್ರ್ಯಾಕ್ಟರು. ಕೊಟ್ಟಿಗೆಗೆ ನೀರಿನ ಪೈಪು ಎಳೆಯಬೇಕಿತ್ತು. ಚಳಿಗಾಲದಲ್ಲಿ ಇಲ್ಲಿ ನೆಲವೇ ಹೆಪ್ಪುಗಟ್ಟುವುದರಿಂದ ಪೈಪು 4 ಅಡಿಗಿಂತ ಕೆಳಗೆ ಮಲಗಬೇಕು. ಅದರ ಜೊತೆಗೆ ಕೀಳಬೇಕಾದ ಹಳೆಯ ಮರದ ಬೊಡ್ಡೆಗಳು ಹನ್ನೆರಡೋ ಹದಿಮೂರೋ ಇದ್ದವು, ಮಳೆ ಬಂದರೆ ಕೆರೆಯಾಗುವ ಮೂಲೆ ಒಂದಿತ್ತು. ದುಡ್ಡು ಮಾತ್ರ ಅಳತೆಯದು. ಹೊಸ ಬ್ಯಾಕ್‌ಹೋ ಕೊಂಡರೆ ಟ್ರ್ಯಾಕ್ಟರಿನ ಬೆಲೆಯ ಅರ್ಧದಷ್ಟಾದರೂ ತೆರಬೇಕು. ಮೂವತ್ತು ವರ್ಷ ಟ್ರ್ಯಾಕ್ಟರಿನ ಜೊತೆ ಬದುಕಿದ ಅಣ್ಣ ಏನಾದರೂ ದಾರಿ ತೋರಿಸಿಯಾನೆಂದು ಫೋನು ಮಾಡಿದರೆ ಸಿಕ್ಕಿದ್ದು ಬಾಲದ ಮಾತು.

ಆಮೇಲೆ ಯೋಚಿಸಿದೆ. ಬ್ಯಾಕ್‌ಹೋ ಎಂಬ ಪದವೇ ಅಣ್ಣನಿಗೆ ಬೇಕಾಗಿಲ್ಲ. ನಮ್ಮಲ್ಲಿ ಚಕ್ರದ ಮೇಲೆ ಬರುವುದು ಯಾವ ಕಂಪನಿಯದಾದರೂ ಜೆಸಿಬಿ; ಸರಪಳಿಯ ಮೇಲೆ ತೆವಳುವುದನ್ನು ಯಾರೇ ಮಾಡಿರಲಿ, ಅದು ಹಿಟಾಚಿ. ಮಣ್ಣು ತೋಡುವ ವಿಷಯದಲ್ಲಿ ನಮ್ಮ ನಿಘಂಟು ಈ ಎರಡು ನಾಮಪದಗಳಲ್ಲಿ ಮುಗಿಯುತ್ತದೆ. ಕ್ರಿಯಾಪದವಂತೂ ಒಂದೇ, ಕರೆಸು. ಅಗಳು ತೋಡಬೇಕೆ, ಧರೆ ಇಳಿಸಬೇಕೆ, ಬೊಡ್ಡೆ ಕೀಳಬೇಕೆ, ಕರೆಸು. ಯಂತ್ರ ಬಂದ ಕೂಡಲೇ ಚಾಲಕ "ಮೀಟರ್ ನೋಡಿಕೊಳ್ಳಿ" ಎನ್ನುತ್ತಾನೆ, ನಾವು ಗಂಟೆ ಬರೆದುಕೊಳ್ಳುತ್ತೇವೆ. ಅದು ಎಷ್ಟು ಆಳಕ್ಕೆ ಹೋಗುತ್ತದೆ, ಎಣ್ಣೆ ಎಲ್ಲಿಂದ ಬರುತ್ತದೆ, ಎಷ್ಟು ತೂಗುತ್ತದೆ ಎಂಬುದನ್ನು ಕಟ್ಟಿಕೊಂಡು ನಮಗೇನು? ಅದು ಅವನ ಉಸಾಬರಿ.

ಇಲ್ಲಿ ಕರೆಸುವವರು ಇಲ್ಲವೆಂದಲ್ಲ. ಇದ್ದಾರೆ, ಆದರೆ ಇನ್ನೂರು ಅಡಿಯ ಕಾಲುವೆಗೆ ಬರಲು ಒಪ್ಪುವವರು ಅಪರೂಪ. ಒಪ್ಪಿದರೂ ಮೊದಲು ನೋಡಲು ಬಂದು, ಅಂದಾಜು ಬರೆದು ಕಳಿಸಿ, ಮುಂದಿನ ತಿಂಗಳ ಯಾವುದೋ ವಾರವನ್ನು ತೋರಿಸುತ್ತಾರೆ. ಹಾಗಾಗಿ ನನ್ನ ಸುತ್ತಲಿನವರೆಲ್ಲ ಕೊಳ್ಳುತ್ತಾರೆ. ಕೊಂಡ ಮೇಲೆ ಆ ಯಂತ್ರದ ಹೊಟ್ಟೆಯೊಳಗಿನ ಸಂಗತಿಯನ್ನೆಲ್ಲ ಕಲಿಯುವುದು ಅನಿವಾರ್ಯ. ಯಾಕೆ ಮುಚ್ಚಿಡಲಿ, ಈ ಕಲಿಕೆ ನನಗೆ ಹಿಡಿಸಿತು.

ಬಾಲ ಎಂದನಲ್ಲ, ಅದಕ್ಕೆ ಉತ್ತರವನ್ನೂ ಹುಡುಕಿಟ್ಟುಕೊಂಡೆ. 1948ರಲ್ಲಿ ಮ್ಯಾಸಚೂಸೆಟ್ಸ್‌ನ ವೇನ್-ರಾಯ್ ಎಂಬ ಕಂಪನಿ ಎಣ್ಣೆಯ ಒತ್ತಡದಿಂದ ಆಡುವ ಹೈಡ್ರಾಲಿಕ್ ಬ್ಯಾಕ್‌ಹೋ ಮಾರತೊಡಗಿದಾಗ ಅದು ಕೂತದ್ದು ಫೋರ್ಡ್ 8ಎನ್ ಎಂಬ ಸಾಮಾನ್ಯ ಉಳುವ ಟ್ರ್ಯಾಕ್ಟರಿನ ಹಿಂದೆ. ಇನ್ನು ಅಣ್ಣನ ಬಾಯಲ್ಲಿ ದಿನಕ್ಕೆ ಹತ್ತು ಸಲ ಬರುವ ಆ ಮೂರು ಅಕ್ಷರ ಜೋಸೆಫ್ ಸಿರಿಲ್ ಬ್ಯಾಮ್‌ಫರ್ಡ್ ಎಂಬ ಇಂಗ್ಲೆಂಡಿನ ಪುಣ್ಯಾತ್ಮನ ಹೆಸರಿನದು. ಆತ 1953ರಲ್ಲಿ ಮುಂದೆ ಮಣ್ಣು ಎತ್ತುವ ಲೋಡರ್, ಹಿಂದೆ ತೋಡುವ ಕೈ ಜೋಡಿಸಿದ್ದು ಕೂಡ ಫೋರ್ಡ್‌ಸನ್ ಮೇಜರ್ ಎಂಬ ಟ್ರ್ಯಾಕ್ಟರಿಗೇ. 1979ರಲ್ಲಿ ಭಾರತಕ್ಕೆ ಕಾಲಿಟ್ಟ ಜೆಸಿಬಿಯ ಪೂರ್ವಜ ಬಾಲ ಕಟ್ಟಿಸಿಕೊಂಡ ಟ್ರ್ಯಾಕ್ಟರೇ. ಇದನ್ನು ಅಣ್ಣನಿಗೆ ಹೇಳಿದೆ. "ಇರಬಹುದು, ಆದರೆ ಈಗ ಅದು ಏಳು ಟನ್ ಇದೆಯಲ್ಲ" ಎಂದ. ತೂಕದ ಲೆಕ್ಕ ಅವನಿಗೆ ಗೊತ್ತಿರಲಿಲ್ಲವೆಂದು ನಾನೇ ತಪ್ಪು ತಿಳಿದಿದ್ದೆ.

ಯಾವ ಬ್ಯಾಕ್‌ಹೋ ಎಂಬ ಪ್ರಶ್ನೆಗೆ ಅಣ್ಣ ಕೊಟ್ಟ ಸಲಹೆಯೂ ಒಂದಿತ್ತು. "ಕಡಿಮೆ ಬೆಲೆಯದನ್ನು ತಂದು ತ್ರೀ-ಪಾಯಿಂಟ್ ಲಿಂಕೇಜಿಗೆ ಸಿಕ್ಕಿಸಿದರಾಯಿತು. ರೋಟವೇಟರ್ ಎಳೆಯುವ ಟ್ರ್ಯಾಕ್ಟರಿಗೆ ಇದ್ಯಾವ ಲೆಕ್ಕ?" ಲಿಂಕೇಜು ಎಂದರೆ ಟ್ರ್ಯಾಕ್ಟರಿನ ಹಿಂದೆ ನೇಗಿಲು, ರೋಟವೇಟರು ಸಿಕ್ಕಿಸುವ ಮೂರು ಕೊಂಡಿ. ಮಾತು ಕೇಳುವುದಕ್ಕೆ ಸರಿಯಾಗಿಯೇ ಇದೆ. ಆ ಬಗೆಯವು ಅಗ್ಗ, ಹೆಚ್ಚಿನ ಟ್ರ್ಯಾಕ್ಟರುಗಳಿಗೆ ಹೊಂದುತ್ತವೆ, ಬೇಡವೆನಿಸಿದ ದಿನ ಯಾರಿಗಾದರೂ ಮಾರಬಹುದು. ಪಿಟಿಒಗೆ, ಅಂದರೆ ಇಂಜಿನಿನ ಶಕ್ತಿಯನ್ನು ಹಿಂದಕ್ಕೆ ಕೊಡುವ ತಿರುಗುವ ದಂಡಕ್ಕೆ, ತಮ್ಮದೇ ಪಂಪು ಜೋಡಿಸಿಕೊಂಡು, ತಮ್ಮದೇ ಎಣ್ಣೆಯ ಟ್ಯಾಂಕು ಹೊತ್ತುಕೊಂಡು ಬರುತ್ತವೆ. ನಾನೂ ಅದನ್ನೇ ತರುವವನಿದ್ದೆ. ತಡೆದವನು ಪಕ್ಕದ ಜಮೀನಿನ, ಎಪ್ಪತ್ತು ದಾಟಿದ ಮುದುಕ. ಬ್ಯಾಕ್‌ಹೋ ಎಂದೊಡನೆ ಬೆಲೆ ಕೇಳಲಿಲ್ಲ, ಆಳ ಕೇಳಲಿಲ್ಲ. "ಯಾವುದಕ್ಕೆ ಕೂರಿಸುತ್ತೀಯ?" ಎಂದ.

ಆಮೇಲೆ ಅವನ ಶೆಡ್ಡಿನಲ್ಲಿ ಅರ್ಧ ಗಂಟೆ ಬಗ್ಗಿ ನಿಂತು ನೋಡಿದ್ದು ಈಗಲೂ ಕಣ್ಣಿಗೆ ಕಟ್ಟಿದೆ. ಸಣ್ಣ ಟ್ರ್ಯಾಕ್ಟರಿಗೆ ಲಾರಿಯ ಹಾಗೆ ಬೇರೆ ಚಾಸಿ ಇರುವುದಿಲ್ಲ. ಇಂಜಿನು, ಕ್ಲಚ್ಚಿನ ಪೆಟ್ಟಿಗೆ, ಗೇರ್ ಬಾಕ್ಸು, ಹಿಂದಿನ ಆಕ್ಸಲ್, ಇವನ್ನು ಒಂದಕ್ಕೊಂದು ಬೋಲ್ಟು ಹಾಕಿ ಬಿಗಿದದ್ದೇ ಅದರ ಬೆನ್ನುಮೂಳೆ. ರೋಟವೇಟರೋ ನೇಗಿಲೋ ಹಿಂದೆ ಬರುವಾಗ ಟ್ರ್ಯಾಕ್ಟರು ಎಳೆಯುತ್ತಾ ಮುಂದೆ ಹೋಗುತ್ತಿರುತ್ತದೆ. ಬ್ಯಾಕ್‌ಹೋ ಹಾಗಲ್ಲ. ನಿಂತಲ್ಲೇ ನಿಂತು, ಬಕೆಟ್ಟಿನ ಹಲ್ಲನ್ನು ಬೇರಿಗೆ ಕಚ್ಚಿಸಿ ತನ್ನ ಕಡೆಗೆ ಜಗ್ಗುತ್ತದೆ. ಬೇರು ಬಾರದಿದ್ದರೆ ಆ ಜಗ್ಗುವಿಕೆಯೆಲ್ಲ ಮೂರು ಕೊಂಡಿಗಳಲ್ಲಿ ಮೇಲಿನದಾದ ಟಾಪ್ ಲಿಂಕಿನ ಮೂಲಕ ಹಿಂದಿನ ಎರಕದ ಪೆಟ್ಟಿಗೆಗೆ ಬಂದು ಬಡಿಯುತ್ತದೆ. ಜೊತೆಗೆ ಹೆಚ್ಚಿನ ಟ್ರ್ಯಾಕ್ಟರುಗಳಲ್ಲಿ ಲಿಫ್ಟಿನ ತೋಳು ಭಾರವನ್ನು ಮೇಲೆತ್ತಬಲ್ಲದೇ ಹೊರತು ಕೆಳಕ್ಕೆ ಅದುಮಿ ಹಿಡಿಯಲಾರದು. ಎರಕದ ಕಬ್ಬಿಣ ಬಾಗುವುದಿಲ್ಲ, ಬಿರಿಯುತ್ತದೆ. ಬಿರಿದದ್ದು ಗೇರ್ ಬಾಕ್ಸಿನ ಪೆಟ್ಟಿಗೆಯಾದರೆ ಬ್ಯಾಕ್‌ಹೋದಲ್ಲಿ ಉಳಿಸಿದ ದುಡ್ಡಿನ ಎರಡರಷ್ಟು ಅಲ್ಲಿಗೆ ಹೋಯಿತು. ಅದಕ್ಕಿಂತ ಕೆಟ್ಟದ್ದೂ ಇದೆ. ಚಾಲಕ ಕೂರುವುದು ಟ್ರ್ಯಾಕ್ಟರಿಗೂ ಬ್ಯಾಕ್‌ಹೋಗೂ ನಡುವೆ. ಟಾಪ್ ಲಿಂಕು ಕಿತ್ತು ಬಂದರೆ ಇಡೀ ಸಾಮಾನು ಅವನ ಮೇಲೆಯೇ ಮಡಚಿಕೊಳ್ಳುತ್ತದೆ.

ಅದಕ್ಕೇ ಸಬ್‌ಫ್ರೇಮ್. ಟ್ರ್ಯಾಕ್ಟರಿನ ಹೊಟ್ಟೆಯ ಕೆಳಗೆ ಉದ್ದಕ್ಕೂ ಹಾಯ್ದು, ಮುಂದಿನ ಲೋಡರಿನ ಬ್ರಾಕೆಟ್ಟಿನವರೆಗೆ ಹೋಗುವ ಉಕ್ಕಿನ ಚೌಕಟ್ಟು ಅದು. ಬ್ಯಾಕ್‌ಹೋ ಕೊಡುವ ಪೆಟ್ಟನ್ನೆಲ್ಲ ಅದು ಹೊತ್ತುಕೊಳ್ಳುತ್ತದೆ, ಬೆನ್ನುಮೂಳೆಗೆ ತಾಗಗೊಡುವುದಿಲ್ಲ.

ಕಡಿಮೆ ದುಡ್ಡಿನವನಿಗೆ ಗುಂಡಿ ಇರುವುದೂ ಇಲ್ಲೇ. ಹಳೆಯ ಬ್ಯಾಕ್‌ಹೋ ಅಗ್ಗಕ್ಕೆ ಸಿಗುತ್ತದೆ, ಆದರೆ ಅದರ ಸಬ್‌ಫ್ರೇಮ್ ಇನ್ಯಾವುದೋ ಮಾದರಿಯ ಟ್ರ್ಯಾಕ್ಟರಿಗೆ ಅಳೆದು ಮಾಡಿದ್ದು. ನಿಮ್ಮ ಮಾದರಿಯದನ್ನು ಬೇರೆಯಾಗಿ ತರಿಸಲು ಹೋದರೆ ಉಳಿತಾಯದ ಬಹುಪಾಲು ಕರಗುತ್ತದೆ, ಕೆಲವು ಮಾದರಿಗಳಿಗೆ ಅದು ತಯಾರಾಗುವುದು ಎಂದೋ ನಿಂತಿರುತ್ತದೆ. ಮೊದಲು ಕೇಳಬೇಕಾದದ್ದು ಬೆಲೆಯನ್ನಲ್ಲ, ಚೌಕಟ್ಟು ಯಾವ ಟ್ರ್ಯಾಕ್ಟರಿನದು ಎಂಬುದನ್ನು. ನಾನು ಇದನ್ನು ಕಲಿಯುವುದರೊಳಗೆ ಎರಡು ಶನಿವಾರ, ನಾನೂರು ಮೈಲಿಯ ಪೆಟ್ರೋಲು ಖರ್ಚಾಗಿದ್ದವು.

ಮೂರನೆಯ ಶನಿವಾರ ನೋಡಿದ ಯಂತ್ರ ಮದುಮಗನ ಹಾಗೆ ಹೊಸ ಬಣ್ಣ ಬಳಿದುಕೊಂಡು ನಿಂತಿತ್ತು. ಜೊತೆಗೆ ಬಂದಿದ್ದ ಮುದುಕ ಬಣ್ಣವನ್ನು ನೋಡಲೇ ಇಲ್ಲ. ಬೂಮನ್ನು, ಅಂದರೆ ಬ್ಯಾಕ್‌ಹೋದ ಉದ್ದನೆಯ ತೋಳನ್ನು, ಪೂರ್ತಿ ಚಾಚಿಸಿ, ಬಕೆಟ್ಟನ್ನು ಕೈಯಲ್ಲಿ ಹಿಡಿದು ಎಡಕ್ಕೂ ಬಲಕ್ಕೂ ಅಲುಗಾಡಿಸಿದ. ಸಡಿಲ ಹಲ್ಲಿನ ಹಾಗೆ ಅದು ಒಂದು ಗೇಣು ಆಡಿತು. ಬೂಮು ತಿರುಗುವ ಬುಡದ ಪಿನ್ನು, ಬುಷ್ಷು ಸವೆದು ಹೋಗಿದ್ದವು. ಗ್ರೀಸ್ ನಿಪ್ಪಲ್ಲಿನ ಮೇಲೂ ಬಣ್ಣ ಕೂತಿತ್ತು, ಅಂದರೆ ಬಳಿದ ಮೇಲೆ ಯಾರೂ ಗ್ರೀಸು ಹೊಡೆದಿಲ್ಲ. ಸಿಲಿಂಡರಿನ ರಾಡಿನ ಮೇಲೆ ತುಕ್ಕಿನ ಚುಕ್ಕೆ. ಆ ಚುಕ್ಕೆ ಸೀಲನ್ನು ಹರಿಯುತ್ತದೆ, ಸೀಲು ಹರಿದರೆ ಎಣ್ಣೆ ಸೋರುತ್ತದೆ. ಬೂಮನ್ನು ಎತ್ತಿ ನಿಲ್ಲಿಸಿ ಮಾತಾಡುತ್ತಿದ್ದೆವು; ಮಾತು ಮುಗಿಯುವುದರೊಳಗೆ ಅದು ಮೆಲ್ಲಗೆ ನೆಲಕ್ಕೆ ಇಳಿದಿತ್ತು. ನಾವು ವಾಪಸು ಬಂದೆವು. ಐದನೆಯದು, ನನ್ನ ಟ್ರ್ಯಾಕ್ಟರಿನ ಮಾದರಿಗೇ ಮಾಡಿದ ಚೌಕಟ್ಟಿನದು, ಬಣ್ಣ ಮಾಸಿದ್ದರೂ ಪಿನ್ನು ಬಿಗಿಯಾಗಿದ್ದದ್ದು, ಹೊಸದರ ಅರ್ಧಕ್ಕಿಂತ ಸ್ವಲ್ಪ ಹೆಚ್ಚಿಗೆ ಸಿಕ್ಕಿತು. ಕಾಗದದ ಮೇಲೆ ಅದರ ಆಳ 6 ಅಡಿ. ತಳ ಸಮವಾಗಿ ಬೇಕೆಂದರೆ ಅದಕ್ಕಿಂತ ಸ್ವಲ್ಪ ಕಡಿಮೆಗೆ ನಿಲ್ಲುತ್ತದೆ. ನನ್ನ ಪೈಪಿಗೆ ಅಷ್ಟು ಧಾರಾಳವಾಯಿತು. ಬಕೆಟ್ಟು 12 ಅಂಗುಲದ್ದು. ಸಣ್ಣ ಯಂತ್ರಕ್ಕೆ ಅಗಲ ಬಕೆಟ್ಟು ಕಟ್ಟುವುದು ಮಗುವಿನ ಕೈಗೆ ದೊಡ್ಡ ಹಾರೆ ಕೊಟ್ಟ ಹಾಗೆ, ಜಿಗುಟು ಮಣ್ಣಿನಲ್ಲಿ ಏದುಸಿರು ಬಿಡುತ್ತದೆ.

ಊರಿನ ಮೇಲೆ ನನಗೆ ಸಿಟ್ಟು ಬಂದದ್ದು ತೋಡುವ ಮುಂಚಿನ ದಿನಗಳಲ್ಲಿ. ಇಲ್ಲಿ ನೆಲಕ್ಕೆ ಗುದ್ದಲಿ ಹಾಕುವ ಕೆಲವು ದಿನ ಮೊದಲು 811ಕ್ಕೆ ಫೋನು ಮಾಡಬೇಕು. 2007ರಿಂದ ದೇಶಕ್ಕೆಲ್ಲ ಅದೊಂದೇ ನಂಬರು. ನೆಲದಡಿ ತಂತಿ, ಪೈಪು ಹಾಕಿದ ಆಯಾ ಸಂಸ್ಥೆಯವರು ಬಂದು ಹುಲ್ಲಿನ ಮೇಲೆ ಬಣ್ಣದ ಗೆರೆ ಎಳೆದು ಹೋಗುತ್ತಾರೆ, ಹಣ ಕೇಳುವುದಿಲ್ಲ. ಕೆಂಪು ವಿದ್ಯುತ್ತು, ಹಳದಿ ಅನಿಲ, ನೀಲಿ ಕುಡಿಯುವ ನೀರು, ಕಿತ್ತಳೆ ಫೋನಿನ ತಂತಿ. ನನ್ನ ಅಂಗಳದಲ್ಲಿ ಆ ಗೆರೆಗಳು ಬಿದ್ದ ದಿನ ನೆನಪಾದದ್ದು ಊರಿನ ಒಂದು ಬೆಳಗ್ಗೆ. ಬಸಿಗಾಲುವೆ ತೋಡಲು ಬಂದ ಜೆಸಿಬಿ ಮೂರನೆಯ ಬಕೆಟ್ಟಿಗೇ ನೀರಿನ ಪೈಪನ್ನು ಎತ್ತಿತು. ಆಳೆತ್ತರಕ್ಕೆ ನೀರು ಚಿಮ್ಮಿತು. ಚಾಲಕ ಇಂಜಿನು ನಿಲ್ಲಿಸಲೂ ಇಲ್ಲ. "ಇಲ್ಲಿ ಪೈಪಿದೆ ಎಂದು ಯಾರೂ ಹೇಳಲಿಲ್ಲವಲ್ಲ" ಎಂದು ಮುಂದಕ್ಕೆ ತೋಡಿದ. ಮೀಟರು ಓಡುತ್ತಿತ್ತು. ನಮ್ಮ ಮನೆಗೆ ಎರಡು ದಿನ ನೀರಿಲ್ಲ, ಪಕ್ಕದ ಮನೆಗೆ ನಾಲ್ಕು ದಿನ. ಕರೆಸುವವರ ರೀತಿಯೇ ಇದು, ಯಂತ್ರ ಯಾರದೋ, ನೆಲದಡಿಯ ಲೆಕ್ಕ ಇನ್ಯಾರದೋ ಎಂದು ಒಂದು ವಾರ ಕಂಡಕಂಡವರ ಮುಂದೆ ಬೈದುಕೊಂಡು ತಿರುಗಿದೆ.

ಬೈದದ್ದಕ್ಕೆ ತಕ್ಕುದಾಯಿತು. ಎರಡನೆಯ ದಿನ ಕೊಟ್ಟಿಗೆಯ ಹತ್ತಿರ, ಯಾವ ಗೆರೆಯೂ ಇಲ್ಲದ ಜಾಗದಲ್ಲಿ, ಬಕೆಟ್ಟಿನ ಹಲ್ಲಿಗೆ ಕಪ್ಪು ತಂತಿಯೊಂದು ಜೋತುಬಿತ್ತು. 811ರವರು ಗುರುತು ಹಾಕುವುದು ಸಂಸ್ಥೆಗಳಿಗೆ ಸೇರಿದ ತಂತಿ, ಪೈಪುಗಳಿಗೆ ಮಾತ್ರ. ಮೀಟರಿನಿಂದ ಈಚೆಗೆ ಮನೆಯವನು ಹೂತಿಟ್ಟದ್ದು ಅವರ ಲೆಕ್ಕಕ್ಕೆ ಬರುವುದಿಲ್ಲ. ಹಿಂದಿನ ಮಾಲೀಕ ಕೊಟ್ಟಿಗೆಯ ದೀಪಕ್ಕೆಂದು ಎಳೆದ ತಂತಿ ಅದು. ಸದ್ಯ ಅದರಲ್ಲಿ ವಿದ್ಯುತ್ತು ಇರಲಿಲ್ಲ. ಇಂಜಿನಿನ ಸದ್ದಿನ ನಡುವೆ ನನ್ನ ಬಾಯಿಂದ ಹೊರಟ ಮಾತು, ಅಚ್ಚಗನ್ನಡದಲ್ಲಿ: "ಇಲ್ಲಿ ತಂತಿಯಿದೆ ಎಂದು ಯಾರೂ ಹೇಳಲಿಲ್ಲವಲ್ಲ."

ಇನ್ನೂ ಒಂದಷ್ಟು ಒಪ್ಪಿಕೊಳ್ಳಬೇಕು. ಅಣ್ಣ ಒಂದು ಗಂಟೆ ಎಂದದ್ದು ಉತ್ಪ್ರೇಕ್ಷೆ ಇರಬಹುದು, ಮೂರು ಗಂಟೆ ಹಿಡಿದೀತು. ನನಗೆ ನಾಲ್ಕು ದಿನ ಹಿಡಿಯಿತು. ಮೊದಲ ದಿನ ಎಡದ ಸನ್ನೆಕೋಲು ಬಲಕ್ಕೆಂದು ತಿಳಿದು ಬೇಲಿಯ ಕಂಬವೊಂದನ್ನು ನೆಲಸಮ ಮಾಡಿದೆ. ಪೈಪನ್ನು ಎತ್ತಿದ ಆ ಊರಿನ ಚಾಲಕನೇ, ಇಪ್ಪತ್ತೆರಡರ ಹುಡುಗ, ಅದೇ ದಿನ ಮಧ್ಯಾಹ್ನ ಅತ್ತಿಗೆ ನೆಟ್ಟಿದ್ದ ಎಳೆಯ ನಿಂಬೆ ಗಿಡವನ್ನು ಬೇರಿನ ಮಣ್ಣು ಉದುರದ ಹಾಗೆ ಬಕೆಟ್ಟಿನಲ್ಲಿ ಎತ್ತಿ, ಆಚೆ ತೆಗೆದಿದ್ದ ಗುಂಡಿಗೆ ಇಳಿಸಿ, ಬಕೆಟ್ಟಿನ ಬೆನ್ನಿನಿಂದಲೇ ಮಣ್ಣು ತಟ್ಟಿದ್ದ. ಗಿಡ ಇವತ್ತಿಗೂ ಇದೆ. ಅಂಥ ಕೈಯೂ ಗಂಟೆಯ ಬಾಡಿಗೆಯಲ್ಲೇ ಬರುತ್ತದೆಂಬುದನ್ನು ನಾನು ಲೆಕ್ಕಕ್ಕೆ ಹಿಡಿದೇ ಇರಲಿಲ್ಲ. ಪೈಪೊಂದೇ ನನ್ನ ಕೆಲಸವಾಗಿದ್ದರೆ ವಾರಾಂತ್ಯಕ್ಕೆ ಸಣ್ಣ ಎಕ್ಸ್‌ಕವೇಟರನ್ನು ಬಾಡಿಗೆಗೆ ತಂದು ಮುಗಿಸುವುದೇ ಬುದ್ಧಿವಂತಿಕೆಯಾಗುತ್ತಿತ್ತು ಎಂದು ಮುದುಕನೂ ಅಂದ, ನಾನು ಕೊಂಡ ಮೇಲೆ.

ಮೊನ್ನೆ ಅಣ್ಣನ ಫೋನು. "ನಿನ್ನ ಬಾಲ ಈವರೆಗೆ ಎಷ್ಟು ಗಂಟೆ ಓಡಿದೆ?" ಸುಳ್ಳು ಹೇಳಬಹುದಿತ್ತು. ಎರಡು ವರ್ಷಕ್ಕೆ 37 ಗಂಟೆ ಎಂದೆ. ಆ ಕಡೆ ಮನಸ್ಸಿನಲ್ಲೇ ಗುಣಾಕಾರ ನಡೆದದ್ದು ನನಗೆ ಕೇಳಿಸಿತು. ನಗುತ್ತಾನೆಂದು ಕಾದೆ, ನಗಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, "ತೋಟದ ಸಾಲಿನ ನಡುವೆ ಬಸಿಗಾಲುವೆ ಹೂಳು ತುಂಬಿದೆ. ಜೆಸಿಬಿ ಏಳು ಅಡಿಗಿಂತ ಅಗಲ, ಒಳಗೆ ಬಂದರೆ ಎರಡೂ ಕಡೆಯ ಮರಕ್ಕೆ ಉಜ್ಜುತ್ತದೆ. ಆಳುಗಳು ಸಿಗುತ್ತಿಲ್ಲ. ನಿನ್ನದು ಎಷ್ಟು ಅಗಲ?" ಎಂದ.

"ನಾಲ್ಕು ಅಡಿ" ಎಂದೆ.

"ನೆಲಕ್ಕೆ ಊರುವ ಕಾಲು ಮಡಚಿದಾಗಲೋ, ಚಾಚಿದಾಗಲೋ?"

ತಿಳಿದಿರಲಿಲ್ಲ. ಟೇಪು ಹಿಡಿದು ಹೊರಗೆ ಹೋದೆ.